ಬಂಗಾರಕ್ಕೆ ಹೋದ ಸೂಜಿಗಳು

ಲ್ಯಾಬಿನ ಕಸದ ಬಗ್ಗೆ ಪಾಠ ಹೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನಕ್ಕ ಮೇಲೆ ಕೈ ತೊಳೆದುಕೊಳ್ಳಬೇಕು, ಅಷ್ಟೆ.

ನೈರೋಬಿ, ಮನಿಲಾ, ಢಾಕಾ ಅಂತ ಅಲೆದು, ಎಲ್ಲೂ ಗೋಡೆಗೆ ಒಂದು ಮೊಳೆ ಹೊಡೆಯುವಷ್ಟು ಕಾಲ ನಿಲ್ಲದೆ, ಹೊಸ ಶತಮಾನದ ಮೊದಮೊದಲ ವರ್ಷಗಳಲ್ಲಿ ನಾನು ಬಂದು ಬಿದ್ದದ್ದು ವಡೋದರಾದಲ್ಲಿ. ಸೋಂಕಿನ ಕಸವನ್ನು ಯಾವ ಬಣ್ಣದ ಚೀಲಕ್ಕೆ ಹಾಕಬೇಕು ಅನ್ನುವ ಸರ್ಕಾರಿ ನಿಯಮ ಆಗಿನ್ನೂ ಎಳಸು. ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರಿನ ಸಂಶೋಧನಾ ಲ್ಯಾಬುಗಳಿಗೆ ಅದನ್ನು ಕಲಿಸುವುದು ನನ್ನ ಕೆಲಸ. ಬೆಳಗಿನ ರೈಲಿಗೆ ಹೋಗಿ ನಾನು ಹೇಳುವುದು, ನಾನು ಸಂಜೆಯ ರೈಲು ಹತ್ತುವಷ್ಟರಲ್ಲಿ ಅವರು ಮರೆಯುವುದು. ಇಬ್ಬರೂ ನಿಷ್ಠೆಯಿಂದ ನಮ್ಮ ನಮ್ಮ ಕೆಲಸ ಮಾಡುತ್ತಿದ್ದೆವು.

ನನ್ನ ಹೆಚ್ಚಿನ ದಿನಗಳು ಕಳೆದದ್ದು ವಡೋದರಾದ ಒಂದು ಲ್ಯಾಬಿನಲ್ಲಿ. ಕಾಮಾಲೆ ರೋಗಿಗಳ ರಕ್ತದ ಮೇಲೆ ಅಲ್ಲಿ ಸಂಶೋಧನೆ. ಮುಖ್ಯಸ್ಥರನ್ನು ಎಲ್ಲರೂ ಸಾಹೇಬ್ ಅನ್ನುತ್ತಿದ್ದರು. ಕಸ ಎತ್ತುವ ಹೆಂಗಸನ್ನು ಎಲ್ಲರೂ ಮಾಸಿ ಅನ್ನುತ್ತಿದ್ದರು. ಮಾಸಿ ಅಂದರೆ ತಾಯಿಯ ಒಡಹುಟ್ಟಿದವಳು. ಆದರೆ ಆ ಲ್ಯಾಬಿನಲ್ಲಿ ಒಬ್ಬ ಮಗನೂ ಈ ಚಿಕ್ಕಮ್ಮನ ಕೈಯಿಂದ ಒಂದು ಲೋಟ ನೀರು ಕುಡಿದದ್ದನ್ನು ನಾನು ನೋಡಲಿಲ್ಲ.

ಮೊದಲ ವಾರವೇ ಸಾಹೇಬರ ಮುಂದೆ ಎರಡೇ ಬೇಡಿಕೆ ಇಟ್ಟೆ. ಬಳಸಿದ ಸೂಜಿ ಹಾಕಲು, ಚುಚ್ಚಿಕೊಂಡು ಹೊರಗೆ ಬಾರದಂಥ ಗಟ್ಟಿ ಡಬ್ಬಿ. ಮಾಸಿಗೆ ಕಾಮಾಲೆಯ ಲಸಿಕೆ.

ಸಾಹೇಬರು "ಥಯೀ ಜಶೇ" ಅಂದರು. ಆಗಿಹೋಗುತ್ತೆ ಅಂತ. ಯಾರು ಮಾಡುತ್ತಾರೆ, ಎಂದು ಮಾಡುತ್ತಾರೆ ಅನ್ನುವುದಕ್ಕೆಲ್ಲ ಆ ಮಾತಿನಲ್ಲಿ ಜಾಗವಿಲ್ಲ. ತಾನಾಗಿಯೇ ಆಗುತ್ತದೆ, ಕುರು ಆದ ಹಾಗೆ.

ಭಂಗಾರ್

ಫತೇಗಂಜಿನಲ್ಲಿ ನಾನಿದ್ದ ಬಾಡಿಗೆ ಮನೆಯ ಕೆಳಗಿನ ಕೋಣೆಗೆ ಹಾವೇರಿ ಕಡೆಯ ಹುಡುಗನೊಬ್ಬ ಬಂದ. ಅದೇ ಲ್ಯಾಬಿಗೆ ಹೊಸದಾಗಿ ಸೇರಿದ ಸಂಶೋಧಕ. ರಕ್ತದ ಸ್ಯಾಂಪಲ್ಲಿಗೆ ಚಿಕ್ಕ ಸಿರಿಂಜಿನಿಂದ ನೇರಳೆ ಬಣ್ಣ ಹನಿಸುವುದು ಅವನ ಕೆಲಸ. ಅವನ ಬೆರಳು, ಅಂಗಿ, ಒಮ್ಮೊಮ್ಮೆ ಮೂಗಿನ ತುದಿ ಕೂಡ ನೇರಳೆ. ಹಿಂದಿ ಅಷ್ಟಕ್ಕಷ್ಟೆ, ಗುಜರಾತಿ ಸೊನ್ನೆ.

ಅವನ ತಾಯಿ ಹದಿನೈದು ದಿನ ಇದ್ದು ಹೋಗಲು ಬಂದರು. ಬಂದ ಮರುದಿನ ಬೆಳಿಗ್ಗೆ ಓಣಿಯಲ್ಲಿ ಕೈಗಾಡಿಯವನು "ಭಂಗಾರ್... ಏ ಭಂಗಾರ್!" ಅಂತ ಕೂಗುತ್ತ ಬಂದ. ಗುಜರಾತಿಯಲ್ಲಿ ಹಾಗಂದರೆ ಗುಜರಿ ಸಾಮಾನು. ಆಕೆ ಬಾಗಿಲು ಹಾಕಿ, ಅಗುಳಿ ಜಡಿದು, ಕೈಬಳೆ ಬಿಚ್ಚಿ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಮಹಡಿಯ ಮೇಲಿದ್ದ ನನ್ನನ್ನು ಕೂಗಿದರು: "ಅಕ್ಕಾರ, ಏನ್ ಊರ್ರೀ ಇದು! ಬಂಗಾರಾ ಗಾಡ್ಯಾಗ ಇಟ್ಕೊಂಡು ಮಾರ್ತಾರಲ್ರೀ, ಬದನೀಕಾಯಿ ಮಾರಿದಂಗ!"

ತಾಯಿ ಹಾಗೆ, ಮಗ ಹೀಗೆ. ಅದೇ ವಾರ ನಾನು ಅವನಿಗೆ, ಲ್ಯಾಬಿನ ಬಳಸಿದ ಸಿರಿಂಜುಗಳು ಕೊನೆಗೆ ಎಲ್ಲಿಗೆ ಹೋಗುತ್ತವೆ ಅಂತ ವಿಚಾರಿಸು ಅಂದಿದ್ದೆ. ಅವನು ಮಾಸಿಯನ್ನು ಕೇಳಿದ. ಮಾಸಿ "ಭಂಗಾರ್ ಮಾ" ಅಂದಳು, ಗುಜರಿಗೆ ಅಂತ. ಇವನು ಸಂಜೆ ಮೆಟ್ಟಿಲು ಹತ್ತಿ ಓಡಿಬಂದ.

"ಮೇಡಂ, ಸುಮ್ಮನ ಬೈತೀರಿ ನೀವು ಸಾಹೇಬ್ರಿಗೆ. ಎಷ್ಟ್ ಜ್ವಾಕಿ ಮಾಡ್ತಾರ ನೋಡ್ರಿ ಇವ್ರು! ಬಳಸಿದ ಸೂಜೀನೂ ಬಂಗಾರದ ಸಂಗಾಟ ಇಡ್ತಾರಂತ್ರಿ!"

ತಾಯಿಮಗ ಇಬ್ಬರಿಗೂ ಅರ್ಥ ಬಿಡಿಸಿ ಹೇಳಿದೆ. ತಾಯಿ ಅಕ್ಕಿಯೊಳಗಿಂದ ಬಳೆ ತೆಗೆದರು. ಮಗ ತನ್ನ ನೇರಳೆ ಬೆರಳು ನೋಡಿಕೊಳ್ಳುತ್ತ, "ಹಂಗಂದ್ರ ಅದನ್ನ ಕೊಂಡಾವ ಏನ್ ಮಾಡ್ತಾನ್ರಿ?" ಅಂದ.

"ಬಂಗಾರ" ಅಂದೆ.

ಶುದ್ಧ ತುಪ್ಪ

ಹಳದಿ ಚೀಲ ಸೋಂಕಿನ ಕಸಕ್ಕೆ. ಮೂರು ಕೊಂಬಿನ ಅಪಾಯದ ಚಿಹ್ನೆ ಅದರ ಮೇಲೆ ಅಂಗೈ ಅಗಲ ಅಚ್ಚಾಗಿರುತ್ತದೆ. ದಪ್ಪ, ಗಟ್ಟಿ, ಸೋರುವುದಿಲ್ಲ. ಈ ಗುಣಗಳನ್ನೆಲ್ಲ ನಾನು ತರಬೇತಿಯಲ್ಲಿ ಹೊಗಳಿದ್ದೇ ತಪ್ಪಾಯಿತು. ಮದುವೆಯ ಸೀಸನ್ ಶುರುವಾದದ್ದೇ ಸ್ಟೋರಿನಲ್ಲಿ ಚೀಲ ಖಾಲಿ.

ಒಂದು ಸಂಜೆ ಸ್ಟೋರ್ ಗುಮಾಸ್ತ ಸ್ಕೂಟರಿಗೆ ಹಳದಿ ಚೀಲ ನೇತುಹಾಕಿಕೊಂಡು ಹೊರಟಿದ್ದ. ತಡೆದು, "ಏನಿದೆ ಅದರಲ್ಲಿ?" ಅಂದೆ.

"ಖಮಣ್, ಬೆನ್. ಬಿಸಿ ಇದೆ. ತಗೊಳ್ಳಿ, ತಗೊಳ್ಳಿ." ಖಮಣ್ ಅಂದರೆ ಕಡಲೆಹಿಟ್ಟಿನ ತಿಂಡಿ, ಬೆನ್ ಅಂದರೆ ಅಕ್ಕ. ಅವನ ಮುಖದ ಮೇಲೆ ನಾಚಿಕೆಯ ಸುಳಿವಿಲ್ಲ. "ಹೊಸ ಚೀಲ ಬೆನ್, ಬಳಸಿದ್ದಲ್ಲ. ನಾವೇನು ಅಷ್ಟು ತಿಳಿಯದವರಾ?"

"ಹಾಗಾದರೆ ಲ್ಯಾಬಿನ ಕಸ ಯಾವುದರಲ್ಲಿ ಹೋಗುತ್ತಿದೆ?"

ಅವನು ಒಳಗೆ ಕರೆದೊಯ್ದು ತೋರಿಸಿದ. ಮಿಠಾಯಿ ಅಂಗಡಿಯ ತೆಳು ಚೀಲ. ಒಳಗೆ ಕಾಮಾಲೆ ರಕ್ತದ ಟ್ಯೂಬು, ಸೂಜಿ. ಹೊರಗೆ ಕೆಂಪು ಅಕ್ಷರದಲ್ಲಿ "ಶುದ್ಧ ತುಪ್ಪದಿಂದ ತಯಾರಿಸಿದ್ದು."

ಹೀಗೆ ಆ ಚಳಿಗಾಲ ವಡೋದರಾದಲ್ಲಿ ಅಪಾಯ ಅಂತ ಬರೆದದ್ದನ್ನು ಜನ ಚಪ್ಪರಿಸಿ ತಿಂದರು, ಶುದ್ಧ ಅಂತ ಬರೆದದ್ದು ಮಾಸಿಯ ಪಾಲಿಗೆ ಬಂತು.

ಸ್ಯಾಂಪಲ್ ಯಾವುದು, ಕಸ ಯಾವುದು

ಆಗಬೇಕಾದದ್ದು ಆಯಿತು. ಶುದ್ಧ ತುಪ್ಪದ ಚೀಲ ಎತ್ತುವಾಗ ಸೂಜಿ ಮಾಸಿಯ ಹೆಬ್ಬೆರಳಿಗೆ ಹೊಕ್ಕಿತು. ನಾನು ಹೋಗುವಷ್ಟರಲ್ಲಿ ಅವಳು ಕ್ಯಾಂಟೀನಿನಿಂದ ಅರಿಶಿನ ತರಿಸಿ ಮೆತ್ತಿಕೊಂಡು ಕೂತಿದ್ದಳು.

"ಮಾಸಿ, ಸೋಪು ಹಾಕಿ ತೊಳೀರಿ, ನಲ್ಲಿ ಕೆಳಗೆ ಹಿಡೀರಿ!"

"ಆ ನಲ್ಲಿ ಸೈಂಟಿಸ್ಟರದ್ದು ಬೆನ್. ನನ್ನದು ಹಿತ್ತಲಲ್ಲಿದೆ. ಅದರಲ್ಲಿ ನೀರು ಬರೋದು ಸಾಯಂಕಾಲ."

ಎಳೆದುಕೊಂಡು ಹೋಗಿ ಸೈಂಟಿಸ್ಟರ ನಲ್ಲಿಯಲ್ಲೇ ತೊಳೆಸಿದೆ. ರಕ್ತ ಪರೀಕ್ಷೆಗೆ ಕಳಿಸಿದೆ. ಆ ಸಲ ದೇವರೋ ಅರಿಶಿನವೋ ಕಾಪಾಡಿತು. ಮುಂದಿನ ತಿಂಗಳುಗಳಲ್ಲಿ ಮಾಡಿಸಿದ ಪರೀಕ್ಷೆಗಳಲ್ಲೂ ಏನೂ ಬರಲಿಲ್ಲ. ಆದರೆ ಚುಚ್ಚಿದ ದಿನವೇ ಸಾಹೇಬರ ಕೋಣೆಗೆ ನುಗ್ಗಿದೆ.

"ಲಸಿಕೆ ಏನಾಯಿತು ಸಾಹೇಬ್?"

"ನೋಡಿ ಮೇಡಂ, ಸ್ಯಾಂಪಲ್ ಮುಟ್ಟುವವರಿಗೆ ಮಾತ್ರ ಅಂತ ನಮ್ಮ ಪಾಲಿಸಿ. ಮಾಸಿ ಸ್ಯಾಂಪಲ್ ಮುಟ್ಟುವುದಿಲ್ಲ. ಅವಳು ಮುಟ್ಟುವುದು ಕಸ."

"ಅದೇ ಟ್ಯೂಬು, ಅದೇ ರಕ್ತ."

"ಮಧ್ಯಾಹ್ನದವರೆಗೆ ಸ್ಯಾಂಪಲ್, ಆಮೇಲೆ ಕಸ" ಅಂದರು ಸಾಹೇಬರು, ತುಂಬ ತಾಳ್ಮೆಯಿಂದ. ವೈರಸ್ಸಿಗೂ ಆಫೀಸ್ ಟೈಮ್ ಉಂಟು ಅಂತ ನನಗೆ ಅವತ್ತೇ ಗೊತ್ತಾದದ್ದು.

ಹೊರಗೆ ಬಂದು ಸಾಹೇಬರ ಮಾತನ್ನು ಮಾಸಿಗೆ ಹಾಗೇ ಹೇಳಿ, ಕೈಮೋಜಾ ಆದರೂ ಹಾಕಿಕೊಳ್ಳಿ ಮಾರಾಯ್ತಿ ಅಂದೆ. ಮಾಸಿ ನಕ್ಕಳು. ಕೈಮೋಜಾ ಬರುತ್ತಿದ್ದದ್ದು ಸಾಹೇಬರಿಗೆ. ಅವರು ಎರಡೂ ಕೈಗೆ ಅದನ್ನು ತೊಟ್ಟು, ಎರಡೇ ಬೆರಳಲ್ಲಿ ಚೀಲ ಹಿಡಿದು, ಮಾಸಿಯ ಬರಿಗೈಗೆ ಇಳಿಬಿಡುತ್ತಿದ್ದರು.

"ರೋಗಕ್ಕೆ ಹೆದರಿ ಅಲ್ಲ ಬೆನ್" ಅಂದಳು. "ಅವರು ಮೊದಲಿಂದಲೂ ಹಾಗೇ. ಆಗ ಮೋಜಾ ಇರಲಿಲ್ಲ, ದೂರ ನಿಂತು ಎಸೀತಿದ್ದರು."

ಕತಾರ್‌ಗಾಮಿನ ಧೂಳು

ಮೈಯೆಲ್ಲ ಉರಿದುಕೊಂಡು ಮರುದಿನ ಸೂರತ್ತಿಗೆ ಹೋದೆ. ಅಲ್ಲಿನ ಒಂದು ಲ್ಯಾಬಿನಲ್ಲಿ ಪಾಠ. ನನ್ನನ್ನು ಕರೆಸಿದ್ದ ವೈದ್ಯರು ಊಟವಾದ ಮೇಲೆ ಕತಾರ್‌ಗಾಮ್ ಬಡಾವಣೆಯಲ್ಲಿದ್ದ ತಮ್ಮ ಅಣ್ಣನ ವಜ್ರದ ಕಾರ್ಖಾನೆ ತೋರಿಸಿದರು. ಸಾಲಾಗಿ ಕೂತ ಜನ, ತಿರುಗುವ ಚಕ್ರ, ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳು. ಸಂಜೆ ನೆಲ ಗುಡಿಸಿದ ಧೂಳನ್ನು ಬಿಸಾಡುವುದಿಲ್ಲ. ಜರಡಿ ಹಿಡಿಯುತ್ತಾರೆ. ಮನೆಗೆ ಹೊರಟವರ ಅಂಗಿ ಕೊಡವಿಸಿ, ಪ್ಯಾಂಟಿನ ಮಡಿಕೆ ಬಿಚ್ಚಿಸಿ, ಆ ಧೂಳನ್ನೂ ಜರಡಿ ಹಿಡಿಯುತ್ತಾರೆ. ನಾನು ಹೊರಡುವಾಗ ನನ್ನ ಚಪ್ಪಲಿಯನ್ನೂ ತಿರುವಿ ತಟ್ಟಿದರು. ಮರ್ಯಾದೆಯಿಂದಲೇ, "ಬೆನ್" ಅನ್ನುತ್ತಲೇ.

ವಾಪಸ್ ಅವರ ಲ್ಯಾಬಿಗೆ ಬಂದರೆ ಬಾಗಿಲಲ್ಲೇ ಒಂದು ಸೂಜಿ ಬಿದ್ದಿದೆ, ರಕ್ತದ ಸಮೇತ.

"ಡಾಕ್ಟ್ರೇ, ಅಲ್ಲಿ ಒಂದು ಧೂಳಿನ ಕಣ ಹೊಸಿಲು ದಾಟೋಕೆ ಬಿಡಲ್ಲ. ಇಲ್ಲಿ ಇಡೀ ಸೂಜಿ ದಾಟಿ ಹೋಗ್ತಿದೆಯಲ್ಲ?"

"ಅದಕ್ಕೆ ಕಿಮ್ಮತ್ತಿದೆ ಬೆನ್."

"ಇದರಿಂದ ಗುಡಿಸುವವರ ಜೀವ ಹೋಗುತ್ತೆ!"

"ನಾನೂ ಅದನ್ನೇ ಹೇಳಿದ್ದು" ಅಂದರು ವೈದ್ಯರು.

ಮೂರು ದಳದ ಕಮಲ

ಅಹಮದಾಬಾದಿನವರು ಮಾತ್ರ ನನ್ನ ಪಾಠವನ್ನು ಮನಸ್ಸಿಗೆ ತಗೊಂಡರು. ಅಪಾಯದ ಚಿಹ್ನೆಯ ಪೋಸ್ಟರ್ ಕೊಟ್ಟು ಬಂದಿದ್ದೆ. ಮುಂದಿನ ದೀಪಾವಳಿಗೆ ಹೋದರೆ ಲ್ಯಾಬಿನ ಬಾಗಿಲಲ್ಲಿ ಅದೇ ಚಿಹ್ನೆ, ಆಳುದ್ದದ ರಂಗೋಲಿ. ಅಂಚಿಗೆ ಗುಲಾಬಿ ದಳ. ಮೂರು ಕೊಂಬಿಗೆ ಮೂರು ಹಣತೆ.

"ಹೇಗಿದೆ ಬೆನ್? ನೀವು ಕೊಟ್ಟ ಕಮಲ!" ಅಂದಳು ರಂಗೋಲಿ ಹಾಕಿದ ಟೆಕ್ನಿಷಿಯನ್. "ಲಕ್ಷ್ಮಿ ಒಳಗೆ ಬರಲಿ ಅಂತ."

"ಅಮ್ಮಾ ತಾಯೀ, ಅದರ ಅರ್ಥ ಅಪಾಯ ಇದೆ, ಒಳಗೆ ಬರಬೇಡಿ ಅಂತ."

ಅವಳ ಮುಖ ಬಾಡಿತು. ಸ್ವಲ್ಪ ಯೋಚಿಸಿ ಮತ್ತೆ ಅರಳಿತು. "ಹಾಗಾದರೆ ಅಳಿಸೋದು ಬೇಡ ಬೆನ್. ದೆಹಲಿ ಕಮಿಟಿ ಇನ್‌ಸ್ಪೆಕ್ಷನ್ನಿಗೆ ಬರೋದಿದೆ."

ಫೋಟೋ

ಆ ಕಮಿಟಿ ಅಹಮದಾಬಾದಿನ ರಂಗೋಲಿ ದಾಟಿ, ವಡೋದರಾಕ್ಕೂ ಬರುತ್ತದೆ ಅಂತ ಸುದ್ದಿಯಾಯಿತು. ತಿಂಗಳುಗಟ್ಟಲೆ "ಥಯೀ ಜಶೇ" ಅಂದಿದ್ದೆಲ್ಲ ಒಂದೇ ವಾರದಲ್ಲಿ ಥಯೀ ಹೋಯಿತು. ಸೂಜಿಗೆ ಗಟ್ಟಿ ಡಬ್ಬಿ ಬಂತು. ಹಳದಿ ಚೀಲ ಬಂತು. ಲಸಿಕೆ ಬಂತು. ಕಮಿಟಿಯ ಎದುರಿಗೇ ಮಾಸಿಗೆ ಮೊದಲ ಡೋಸ್ ಕೊಟ್ಟು ಫೋಟೋ ತೆಗೆಸುವುದು ಅಂತ ಸಾಹೇಬರೇ ಹೇಳಿದರು. ನನಗೆ ಫೋಟೋದ ಮೇಲೆ ಸಿಟ್ಟಿಲ್ಲ. ಲಸಿಕೆ ಮೈಯೊಳಗೆ ಹೋದರೆ ಸಾಕು, ಯಾವ ದೇವರ ಹೆಸರಲ್ಲಾದರೂ ಹೋಗಲಿ.

ಮಾಸಿ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಕುರ್ಚಿಯಲ್ಲಿ ಕೂರಿಸಿದರು. ಆ ಲ್ಯಾಬಿನಲ್ಲಿ ಅವಳು ಕುರ್ಚಿಯ ಮೇಲೆ ಕೂತದ್ದು ಅದೇ ಮೊದಲು, ತುದಿಯಲ್ಲೇ ಕೂತಿದ್ದಳು. ಕಮಿಟಿಯವರು ಕೈಕಟ್ಟಿ ಸುತ್ತ ನಿಂತರು. ಸಾಹೇಬರು ಅವಳ ಪಕ್ಕ, ಮೋಜಾ ಇಲ್ಲದೆ, ಫೋಟೋಗೆ ಬೇಕಾದಷ್ಟು ಹತ್ತಿರ. ನರ್ಸು ಸ್ಟೋರ್ ಗುಮಾಸ್ತ ತಂದಿಟ್ಟ ಹೊಸ ಸಿರಿಂಜಿನ ಪೊಟ್ಟಣ ಹರಿದಳು. ಒಳಗಿನ ದಂಡ ಹಿಂದಕ್ಕೆ ಎಳೆದಳು.

ನನ್ನ ಬೆನ್ನ ಹಿಂದೆ ನಿಂತಿದ್ದ ಹಾವೇರಿಯ ಹುಡುಗ ಕತ್ತು ಮುಂದೆ ಚಾಚಿದ. ಕಮಿಟಿ, ಸಾಹೇಬರು, ದೆಹಲಿ, ಎಲ್ಲ ಮರೆತು ಅಚ್ಚ ಕನ್ನಡದಲ್ಲಿ ಕೂಗಿದ: "ಮೇಡಂ! ಇದು ನಂದ್ರೀ!"

ದಂಡದ ತುದಿಯ ರಬ್ಬರಿನ ಸುತ್ತ ಒಂದು ತೆಳು ನೇರಳೆ ಉಂಗುರ. ಅವನ ಬೆರಳಲ್ಲಿದ್ದ ಬಣ್ಣವೇ. ತೊಳೆದಿದ್ದಾರೆ, ಒಣಗಿಸಿದ್ದಾರೆ, ಹೊಸ ಪೊಟ್ಟಣಕ್ಕೆ ತುಂಬಿ ಅಂಟಿಸಿದ್ದಾರೆ. ಆ ಬಣ್ಣ ಮಾತ್ರ ಹೋಗುವ ಜಾತಿಯದಲ್ಲ.

"ಏನಂದರು?" ಅಂತ ಕಮಿಟಿಯ ಹಿರಿಯರು ಕೇಳಿದರು. ನಾನು ಅಕ್ಷರ ಬಿಡದೆ ಅನುವಾದಿಸಿದೆ.

"ಅದು ಕಂಪನಿಯ ಗುರುತಿರಬೇಕು" ಅಂದರು ಸಾಹೇಬರು.

ಎಲ್ಲರೂ ಗುಮಾಸ್ತನ ಕಡೆ ತಿರುಗಿದರು. "ಪರಿಚಯದವರ ಹತ್ತಿರ ತಂದದ್ದು ಸಾಹೇಬ್" ಅಂದ ಅವನು. "ಅರ್ಜೆಂಟ್ ಅಂದಿರಿ. ಮೊದಲು ಅವರದು ಭಂಗಾರಿನ ವ್ಯಾಪಾರ ಇತ್ತು. ಈಗ ಇದೂ ಇದೆ."

"ನೋಡ್ರಿ ಮತ್ತ" ಅಂದ ಹುಡುಗ, ನನ್ನ ಕಿವಿಯಲ್ಲಿ. "ಬಂಗಾರ ತಿರುಗಿ ಮನೀಗೇ ಬಂತು."

ಮಾಸಿಗೆ ಕೊನೆಗೆ ಲಸಿಕೆ ಬಿದ್ದದ್ದು ಅದರ ಮರುದಿನ, ನಾನೇ ಔಷಧಿ ಅಂಗಡಿಯಿಂದ ತಂದ ಸಿರಿಂಜಿನಲ್ಲಿ, ಸಾದಾ ಸೀರೆಯಲ್ಲಿ, ಫೋಟೋ ಇಲ್ಲದೆ. ಉಳಿದ ಡೋಸುಗಳನ್ನು ಆ ಹುಡುಗನೇ ಬೆನ್ನು ಹತ್ತಿ ಹಾಕಿಸಿದನಂತೆ. ಅಷ್ಟು ಹೊತ್ತಿಗೆ ನನಗೆ ಇನ್ನೊಂದು ಊರಿನ ರೈಲು ಹತ್ತುವಂತೆ ಬೀಳ್ಕೊಡುಗೆಯ ಹಾರ ಹಾಕಿ ಆಗಿತ್ತು. ಆದರೆ ಅವತ್ತು, ಕಮಿಟಿಯ ಎದುರು, ಕ್ಯಾಮೆರಾದವನು ಇನ್ನೂ ಒಂದು ಕಣ್ಣು ಮುಚ್ಚಿ ನಿಂತಿದ್ದ ಆ ಗಳಿಗೆಯಲ್ಲಿ, ಸಾಹೇಬರು ಬಗ್ಗಿ ಮೆಲ್ಲಗೆ ಅಂದರು: "ಮಾಸಿ, ಚುಚ್ಚೋದು ಬೇಡ, ಸುಮ್ಮನೆ ತೋಳಿನ ಹತ್ತಿರ ಹಿಡಿದರೆ ಆಯಿತು. ಒಂದು ಫೋಟೋ, ಅಷ್ಟೆ. ಅದರಲ್ಲೇನು ಅಪಾಯ?"

ಮಾಸಿ ಎದ್ದು ನಿಂತಳು. ಮಡಿಸಿದ್ದ ರವಿಕೆ ತೋಳು ಇಳಿಸಿದಳು. ಸೆರಗಿನಿಂದ ಕುರ್ಚಿಯನ್ನು ಚೆನ್ನಾಗಿ ಒರೆಸಿ ಸಾಹೇಬರ ಕಡೆ ತಿರುಗಿಸಿಟ್ಟಳು.

"ನೀವು ಕೂತ್ಕೊಳ್ಳಿ ಸಾಹೇಬ್. ಆ ಸೂಜಿ ಈಗ ಕಸ ಅಲ್ಲ, ಹೊಸ ಪೊಟ್ಟಣದಿಂದ ಬಂದದ್ದು. ನಾನು ಕಸ ಮಾತ್ರ ಮುಟ್ಟೋಳು."