ಜಗಿಯುವವು, ಹೀರುವವು ಮತ್ತು ನಮ್ಮ ಅತ್ತೆ

ಕೀಟನಾಶಕ ಮಾರುವವನ ಮನೆಯ ಎಲೆಕೋಸಿನಲ್ಲಿ ತೂತು ಇರಬಾರದು. ಇದು ನನ್ನ ಅಭಿಪ್ರಾಯ. ಇರಲಿ, ಇದ್ದರೆ ಅದಕ್ಕೆ ವಿಷ ಬಿದ್ದಿಲ್ಲವೆಂದು ಗೊತ್ತಾಗುತ್ತದೆ. ಇದು ನನ್ನ ಹೆಂಡತಿಯ ಅಭಿಪ್ರಾಯ. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದರೆ ಯಾವುದು ಜಾರಿಗೆ ಬರುತ್ತದೆ ಎಂದು ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ನಮ್ಮ ತಾರಸಿಯ ಕುಂಡಗಳಲ್ಲಿ ಬೆಳೆದ ಎಲೆಕೋಸಿನಲ್ಲಿ ಹಿಟ್ಟು ಜರಡಿ ಹಿಡಿಯಬಹುದಿತ್ತು.

ನಾನು ಬೀಜ, ಗೊಬ್ಬರ, ಕೀಟನಾಶಕದ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವನು. ತರಕಾರಿ ಬೆಳೆಯುವವರು ಕಾಯಿಲೆ ಬಿದ್ದ ಎಲೆಯೊಂದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನನ್ನ ಮುಂದೆ ಬಿಚ್ಚುತ್ತಾರೆ. ನಾನು ಕನ್ನಡಕ ಏರಿಸಿ, ಎಲೆಯನ್ನು ಹಿಂದೆ ಮುಂದೆ ತಿರುವಿ, ಕೆಮ್ಮಿ, ತೀರ್ಪು ಕೊಡುತ್ತೇನೆ. ನನ್ನ ಪ್ರಕಾರ ತರಕಾರಿಯ ಶತ್ರುಗಳಲ್ಲಿ ಎರಡು ಮಹಾಪಂಗಡಗಳು: ಜಗಿಯುವವು ಮತ್ತು ಹೀರುವವು. ಎಲೆಯಲ್ಲಿ ತೂತು, ಕೆಳಗೆ ಹಿಕ್ಕೆ ಇದ್ದರೆ ಅದು ಜಗಿಯುವ ಹುಳುವಿನ ಕೆಲಸ. ಎಲೆಯ ಮೇಲೆ ಔಷಧಿ ಬಿದ್ದಿರಬೇಕು, ಹುಳು ಎಲೆಯ ಜೊತೆಗೆ ಅದನ್ನೂ ತಿಂದು ಸಾಯಬೇಕು. ಎಲೆ ಮುದುಡಿಕೊಂಡು, ಹಳದಿಯಾಗಿ, ಮುಟ್ಟಿದರೆ ಅಂಟುತ್ತಿದ್ದರೆ ಅದು ಹೀರುವ ಗಿಡಹೇನಿನ ಕೆಲಸ. ಈ ಮಹಾಶಯ ಎಲೆ ತಿನ್ನುವುದಿಲ್ಲ, ಸೂಜಿಯಂಥ ಮೂತಿ ಚುಚ್ಚಿ ಒಳಗಿನ ರಸ ಕುಡಿಯುತ್ತಾನೆ. ಅವನಿಗೆ ಗಿಡದ ರಸದಲ್ಲೇ ಸೇರಿಕೊಂಡು ಓಡಾಡುವ ಔಷಧಿ ಬೇಕು.

ವರ್ಷಗಟ್ಟಲೆ ಇದನ್ನೇ ಹೇಳಿ ಹೇಳಿ ನನಗೆ ಮನುಷ್ಯರೂ ಹಾಗೇ ಕಾಣತೊಡಗಿದ್ದಾರೆ. ನಮ್ಮ ಜೊತೆಯಲ್ಲೇ ಇರುವ ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಹಲ್ಲಿನ ಸೆಟ್ಟು ಸಡಿಲವಾಗಿರುವುದರಿಂದ ಎಲ್ಲವನ್ನೂ ಸೊರ್ ಎಂದು ಎಳೆದೇ ಊಟ ಮಾಡುತ್ತಾರೆ. ಸಂಶಯವಿಲ್ಲದೆ ಎರಡನೆಯ ಪಂಗಡ. (ನಾನು ಯಾವ ಪಂಗಡ ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ನನಗೆ ಅಂಗಡಿಗೆ ಹೊತ್ತಾಗಿತ್ತು.)

ಅಂಗಡಿಯ ಧಣಿಗಳದ್ದು ಒಂದೇ ಹಟ. ಸಿಂಪಡಿಸಿದ ಮೇಲೆ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಾಯಬೇಕು, ಅಲ್ಲಿಯವರೆಗೆ ಒಂದು ಕಾಯಿಯನ್ನೂ ಕೀಳಬಾರದು. ‘ಕಾಯುವ ಅವಧಿ’ ಎಂದು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿ ನನ್ನ ತಲೆಯ ಮೇಲೆಯೇ ತೂಗುಹಾಕಿಸಿದ್ದಾರೆ. ಅದರ ಕೆಳಗೆ, ಎರಡು ಔಷಧಿ ಬೆರೆಸಬೇಡಿ ಎಂದಿದೆ. ಅದರ ಕೆಳಗೆ ವಿಷ ಒಳಗೆ ಹೋದರೆ ಕಾಣುವ ಲಕ್ಷಣಗಳು: ಬೆವರು, ಜೊಲ್ಲು, ಕಣ್ಣಲ್ಲಿ ನೀರು. ಬೋರ್ಡು ನನ್ನ ಬೆನ್ನ ಹಿಂದೆ ಇದ್ದರೂ ನನಗೆ ಬಾಯಿಪಾಠವಾಗಿತ್ತು. ಬಂದ ಪ್ರತಿಯೊಬ್ಬರಿಗೂ ಒಪ್ಪಿಸುತ್ತಿದ್ದೆ.

ಹೆಂಡತಿಯೋ, ಈ ಶಾಸ್ತ್ರವನ್ನೆಲ್ಲ ಕಿವಿಗೇ ಹಾಕಿಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ತಾರಸಿಗೆ ಹೋಗಿ, ಹುಬ್ಬು ಕೀಳುವ ಚಿಮಟದಿಂದ ಹುಳುಗಳನ್ನು ಒಂದೊಂದಾಗಿ ಹಿಡಿದು ಸೋಪಿನ ನೀರಿಗೆ ಹಾಕುತ್ತಿದ್ದಳು. ಹೇನುಗಳಿಗೆ ಪೈಪಿನಿಂದ ನೀರು ಹೊಡೆಯುತ್ತಿದ್ದಳು. ಕೀಟನಾಶಕ ಮಾರುವವನ ಹೆಂಡತಿ ಚಿಮಟ ಹಿಡಿದು ನಿಂತದ್ದನ್ನು ಪಕ್ಕದ ತಾರಸಿಯವರು ನೋಡಿದರೆ ನನ್ನ ಗತಿಯೇನು ಎಂದು ಕೇಳಿದ್ದಕ್ಕೆ, ಅವರೂ ಒಂದು ಚಿಮಟ ಕೊಂಡುಕೊಳ್ಳುತ್ತಾರೆ ಎಂದಳು.

ಮಾನ ಉಳಿಸಿಕೊಳ್ಳಲು ನಾನು ಅಂಗಡಿಯಲ್ಲಿ ಸುಳ್ಳು ಹೇಳತೊಡಗಿದೆ. ನಮ್ಮ ತಾರಸಿಯ ಒಂದೆಲೆಯಲ್ಲೂ ತೂತಿಲ್ಲ ಎಂದೆ. ಬದನೆಕಾಯಿ ಕನ್ನಡಿಯಂತೆ ಹೊಳೆಯುತ್ತದೆ ಎಂದೆ. ಧಣಿಗಳು ಪೇಟೆಯ ಆಚೆ ಬದಿಯಲ್ಲಿ ಎರಡನೆಯ ಅಂಗಡಿ ತೆರೆಯುತ್ತಾರಂತೆ, ಅದಕ್ಕೊಬ್ಬ ಮೇಲ್ವಿಚಾರಕ ಬೇಕಂತೆ ಎಂದು ಸುದ್ದಿಯಾದ ಮೇಲಂತೂ ನಮ್ಮ ತಾರಸಿ ದಿನೇ ದಿನೇ ಅಗಲವಾಗುತ್ತ ಹೋಯಿತು. ನನಗೆ ಪೈಪೋಟಿಯಿದ್ದವನು ಗೋದಾಮು ನೋಡಿಕೊಳ್ಳುವವನೊಬ್ಬನೇ. ಅವನು ಒಂದು ಡಬ್ಬಿ ಕೊಡಬೇಕಾದರೂ ಲೇಬಲ್ಲಿನ ಪ್ರತಿ ಅಕ್ಷರದ ಮೇಲೆ ಬೆರಳಿಟ್ಟು ಓದುವ ಆಸಾಮಿ. ಅವನನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಒಂದು ಶುಕ್ರವಾರ ಧಣಿಗಳು ನನ್ನ ಕೌಂಟರಿಗೆ ಬಂದು ಮೆಲ್ಲಗೆ ಹೇಳಿದರು.

“ಭಾನುವಾರ ಮಧ್ಯಾಹ್ನ ನಿಮ್ಮ ಮನೆಗೆ ಊಟಕ್ಕೆ ಬರ್ತೀನಿ. ತಾರಸಿ ನೋಡಿದ ಹಾಗೂ ಆಯ್ತು, ಅಲ್ಲಿ ಬೆಳೆದಿದ್ದು ತಿಂದ ಹಾಗೂ ಆಯ್ತು. ಹೊಸ ಅಂಗಡಿ ವಿಷಯಾನೂ ಮಾತಾಡೋಣ.”

ಬಹಳ ಸಂತೋಷ ಎಂದು ನಾಲಿಗೆ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು. ಅವತ್ತು ಸಂಜೆ ತಾರಸಿ ಹತ್ತಿ ನೋಡಿದೆ. ಎಲೆಕೋಸಿನಲ್ಲಿ ಹುಳುಗಳು ಸಂಸಾರ ಹೂಡಿದ್ದವು. ಬೀನ್ಸಿನ ಎಲೆಯಡಿ ಹೇನುಗಳ ಜಾತ್ರೆ. ಎರಡೂ ಪಂಗಡದವರು ನನ್ನ ಬಡ್ತಿಯನ್ನು ಹಂಚಿಕೊಂಡು ತಿನ್ನುತ್ತಿದ್ದರು.

ಶನಿವಾರ ಬೆಳಿಗ್ಗೆ ಹೆಂಡತಿ ತನ್ನ ತಾಯಿಯನ್ನು ದಂತವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿದ್ದೇ ತಡ, ಚೀಲದಿಂದ ಎರಡು ಪುಟ್ಟ ಶೀಸೆಗಳನ್ನು ತೆಗೆದೆ. ಒಂದು ಜಗಿಯುವವರಿಗೆ, ಒಂದು ಹೀರುವವರಿಗೆ. ಎರಡು ಸಲ ಸಿಂಪಡಿಸಲು ಪುರುಸೊತ್ತಿಲ್ಲದ್ದರಿಂದ ಒಂದರೊಳಗೊಂದು ಬೆರೆಸಿದೆ. (ಬೋರ್ಡು ಅಂಗಡಿಯಲ್ಲಿತ್ತು, ನಾನು ಮನೆಯಲ್ಲಿದ್ದೆ.) ಸಿಂಪಡಿಸುವ ಪಂಪು ತರಲು ಮರೆತಿದ್ದೆ. ಹುಡುಕಾಡಿದಾಗ ಕಣ್ಣಿಗೆ ಬಿದ್ದದ್ದು, ಹೆಂಡತಿ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ. ಮೂಗಿಗೆ ಕರ್ಚೀಫು ಕಟ್ಟಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಎಲೆಯ ಮೇಲೆ, ಎಲೆಯ ಅಡಿ, ಕಾಯಿಯ ಮೇಲೆ, ತೊಟ್ಟಿನ ಮೇಲೆ ಚುಸ್ ಚುಸ್ ಎಂದು ಹೊಡೆದೆ. ದಂಡಯಾತ್ರೆ ಮುಗಿಸಿ ಬಂದು, ಬಾಟಲಿಯನ್ನು ಚೆನ್ನಾಗಿ ತೊಳೆದು, ಇದ್ದ ಜಾಗದಲ್ಲೇ, ಇದ್ದ ದಿಕ್ಕಿಗೇ ಮೂತಿ ಮಾಡಿ ಇಟ್ಟೆ. ಅಂಗಿಯನ್ನು ಒಗೆಯುವ ಬುಟ್ಟಿಗೆ ಹಾಕಿದೆ.

ಸೋಪು ಹಾಕಿ ಕೈ ಉಜ್ಜಿಕೊಳ್ಳುತ್ತಿದ್ದಾಗ ಕೆಂಪು ಅಕ್ಷರಗಳು ಕಣ್ಣ ಮುಂದೆ ಬಂದವು. ಕಾಯುವ ಅವಧಿ. ಧಣಿಗಳು ನಾಳೆಯೇ ತಿನ್ನುವುದು ಆ ಬದನೆಕಾಯಿಯನ್ನೇ.

ಸಂಜೆ ಅಂಗಡಿಯಿಂದ ಬರುವಾಗ ಮಾರುಕಟ್ಟೆಗೆ ಹೋಗಿ ಒಂದು ಚೀಲದ ತುಂಬ ಬದನೆಕಾಯಿ, ಬೀನ್ಸು, ಎಲೆಕೋಸು ತಂದೆ. ಮನೆಯಲ್ಲಿ ಹೆಂಡತಿ ಇಸ್ತ್ರಿ ಮೇಜಿನ ಪಕ್ಕ ಕೈಕಟ್ಟಿ ನಿಂತಿದ್ದಳು. ಮೇಲೆ ಇಷ್ಟೊಂದು ಇರುವಾಗ ಇದೇನು ಎಂದು ಕೇಳಿದಳು. ತಾರಸಿಯದು ಗಿಡದಲ್ಲೇ ಇರಲಿ, ಧಣಿಗಳು ಕಣ್ತುಂಬ ನೋಡಲಿ, ಅಡುಗೆಗೆ ಇದನ್ನೇ ಹಾಕು, ಆದರೆ ಅವರು ಕೇಳಿದರೆ ಮಾತ್ರ ತಾರಸಿಯದು ಎನ್ನು ಎಂದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೂಂ ಎಂದಳು. ಆ ಹೂಂ ಒಳಗೆ ಏನಿತ್ತೆಂದು ನಾನು ಆಗಲೇ ಯೋಚಿಸಬೇಕಾಗಿತ್ತು.

ಭಾನುವಾರ ಸ್ನಾನ ಮುಗಿಸಿ, ಸತ್ತ ಹುಳುಗಳನ್ನು ಗುಡಿಸಿಬಿಡೋಣವೆಂದು ತಾರಸಿಗೆ ಹೋದೆ. ಹುಳುಗಳು ಸತ್ತಿದ್ದವು. ಆದರೆ ಗಿಡಗಳಲ್ಲಿ ಕಾಯಿಗಳೇ ಇರಲಿಲ್ಲ. ಒಂದು ಬದನೆಕಾಯಿ ಇಲ್ಲ, ಒಂದು ಬೀನ್ಸು ಇಲ್ಲ. ಎಲೆಕೋಸಿನ ಜಾಗದಲ್ಲಿ ಮೋಟು ಕಾಂಡಗಳು. ಮೆಟ್ಟಿಲನ್ನು ಇಳಿದೆನೋ ಉರುಳಿದೆನೋ ನೆನಪಿಲ್ಲ. ಅಡುಗೆಮನೆಯಲ್ಲಿ ಎಣ್ಣೆಯಲ್ಲಿ ಬದನೆಕಾಯಿ ಹುರಿಯುತ್ತಿತ್ತು. ಬಾಗಿಲ ಹಿಂದೆ ಮೊಳೆಗೆ ನನ್ನ ಮಾರುಕಟ್ಟೆಯ ಚೀಲ ನೇತಾಡುತ್ತಿತ್ತು, ತುಂಬಿಕೊಂಡು, ಬಾಯಿಗೆ ಗಂಟು ಹಾಕಿಕೊಂಡು. ಸಂದಿಯಿಂದ ಒಂದು ಬದನೆಕಾಯಿಯ ತೊಟ್ಟು ಹೊರಗೆ ಇಣುಕುತ್ತಿತ್ತು.

ಅಂದರೆ ಬಾಣಲೆಯಲ್ಲಿದ್ದದ್ದು ತಾರಸಿಯ ಬದನೆಕಾಯಿ. ಕೇಳು ಇಲ್ಲಿ ಎಂದು ಬಾಯಿ ತೆರೆದೆ. ಕರೆಗಂಟೆ ಸದ್ದು ಮಾಡಿತು. ಹೆಂಡತಿ ಸೌಟು ತೋರಿಸಿ, ಈಗ ಬೇಡ, ಹೋಗಿ ಬಾಗಿಲು ತೆಗೀರಿ ಎಂದಳು.

ಧಣಿಗಳಿಗೆ ಹಸಿವಾಗಿತ್ತಂತೆ. ತಾರಸಿಯನ್ನು ಊಟವಾದ ಮೇಲೆ ನೋಡುತ್ತೇನೆ ಎಂದು ನೇರವಾಗಿ ಮೇಜಿಗೆ ಬಂದು ಕುಳಿತರು. ಒಂದು ತುದಿಯಲ್ಲಿ ನಾನು, ನನ್ನ ಪಕ್ಕದಲ್ಲಿ ಅತ್ತೆ, ಅವರ ಆಚೆಗೆ ಧಣಿಗಳು. ಹೆಂಡತಿ ಬಡಿಸುತ್ತ ಹೇಳಿದಳು.

“ಎಲ್ಲಾ ನಮ್ಮ ತಾರಸಿದೇ. ನಿಮಗೋಸ್ಕರ ಅಂತ ಪೂರ್ತಿ ಕಿತ್ತುಬಿಟ್ಟೆ.”

ಧಣಿಗಳು ಬದನೆಕಾಯಿಯ ಒಂದು ಹೋಳು ಬಾಯಿಗಿಟ್ಟು, ಕಣ್ಣು ಮುಚ್ಚಿ, ತಲೆದೂಗಿದರು. ಅತ್ತೆಯೂ ಹೊಸದಾಗಿ ಬಿಗಿ ಮಾಡಿಸಿದ ಹಲ್ಲಿನಿಂದ ಜಗಿಯತೊಡಗಿದರು. (ಜೀವಮಾನದಲ್ಲಿ ಮೊದಲ ಸಲ ಪಂಗಡ ಬದಲಾಯಿಸಿದ್ದರು, ಅದೂ ಇವತ್ತೇ.) ನಾನು ಒಳಗೊಳಗೇ ತೂಗಿ ನೋಡುತ್ತಿದ್ದೆ. ಬಾಯಿ ಬಿಟ್ಟರೆ ಹೊಸ ಅಂಗಡಿ ಹೋಗುತ್ತದೆ, ಹೆಂಡತಿಯ ಕೈಯಲ್ಲಿ ನಾನೂ ಹೋಗುತ್ತೇನೆ. ಬಿಡದಿದ್ದರೆ ಇವರು ಹೋಗುತ್ತಾರೆ. ಚೆನ್ನಾಗಿ ತೊಳೆದಿದ್ದರೆ ವಿಷ ಹೋಗಿರಬಹುದು ಎಂದು ಒಂದು ಮನಸ್ಸು. ರಸದಲ್ಲೇ ಓಡಾಡುವುದು ತೊಳೆದರೆ ಎಲ್ಲಿ ಹೋಗುತ್ತದೆ ಎಂದು ಅಂಗಡಿಯ ಮನಸ್ಸು. ಧಣಿಗಳು ಎರಡನೆಯ ಸಲ ಹಾಕಿಸಿಕೊಂಡರು. ನೀವ್ಯಾಕೆ ತಿನ್ನುತ್ತಿಲ್ಲ ಎಂದು ನನ್ನನ್ನು ಕೇಳಿದರು. ನನಗೆ ಹೊಟ್ಟೆ ಸರಿಯಿಲ್ಲ ಎಂದೆ. ಅದಂತೂ ನಿಜವಾಗಿತ್ತು.

ಆಮೇಲೆ ಧಣಿಗಳ ಹಣೆಯಲ್ಲಿ ಬೆವರು ಮೂಡಿತು. ಬೆವರು ಎಂದು ಬೋರ್ಡಿನಲ್ಲಿತ್ತು. ಕಣ್ಣಲ್ಲಿ ನೀರು ಬಂತು. ಅದೂ ಬೋರ್ಡಿನಲ್ಲಿತ್ತು. ಅವರು ಕೆಮ್ಮುತ್ತ ಇನ್ನೊಂದು ಹೋಳಿಗೆ ಕೈ ಹಾಕಿದಾಗ ನನ್ನಿಂದ ತಡೆಯಲಾಗಲಿಲ್ಲ. ಎದ್ದವನೇ ಮೇಜಿನ ಉದ್ದಕ್ಕೂ ಬಗ್ಗಿ, ಅವರ ಮುಂದಿದ್ದ ತಟ್ಟೆಯನ್ನು ಎರಡೂ ಕೈಯಲ್ಲಿ ಕಿತ್ತುಕೊಂಡೆ.

“ತಿನ್ಬೇಡಿ ಧಣಿ. ನಿನ್ನೆ ಬೆಳಿಗ್ಗೆ ನಾನೇ ಔಷಧಿ ಹೊಡೆದಿದ್ದೀನಿ. ಎರಡು ಥರದ್ದು. ಬೆರೆಸಿ.”

ಧಣಿಗಳ ಕೈ ತುತ್ತಿನ ಸಮೇತ ಗಾಳಿಯಲ್ಲಿ ನಿಂತಿತ್ತು. ಆಸ್ಪತ್ರೆ, ಆಸ್ಪತ್ರೆ ಎಂದು ನಾನು ತೊದಲುತ್ತಿದ್ದೆ. ಹೆಂಡತಿ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು.

“ಕೂತ್ಕೊಳ್ಳಿ. ಇದು ನೀವು ಮಾರ್ಕೆಟ್ಟಿಂದ ತಂದಿದ್ದೇ. ಮೆಣಸಿನಪುಡಿ ಒಂಚೂರು ಜಾಸ್ತಿಯಾಗಿದೆ, ಅದಕ್ಕೇ ಅವರಿಗೆ ಬೆವರು.”

“ಮತ್ತೆ ಚೀಲದಲ್ಲಿರೋದು?”

“ತಾರಸಿದು. ಅಮ್ಮ ಸುಮ್ಮನೆ ಕಿತ್ತು ತಿಂದುಬಿಟ್ಟರೆ ಅಂತ ಕೈಗೆ ಪ್ಲಾಸ್ಟಿಕ್ ಹಾಕ್ಕೊಂಡು ಎಲ್ಲಾ ಕಿತ್ತು ಗಂಟು ಕಟ್ಟಿಟ್ಟಿದ್ದೀನಿ, ಹೂತುಹಾಕೋಕೆ. ನಿನ್ನೆ ಇಸ್ತ್ರಿ ಮಾಡೋಣ ಅಂತ ಬಾಟಲಿ ತಗೊಂಡೆ. ಅದರಿಂದ ನಿಮ್ಮ ಅಂಗಿಯ ಔಷಧಿ ವಾಸನೆ ಬಂತು. ಅಂಗಿ ನೋಡಿದ್ರೆ ಒಗೆಯೋ ಬುಟ್ಟೀಲಿತ್ತು. ಇಷ್ಟು ವರ್ಷ ಆ ಅಂಗಿ ಒಗೆದವಳಿಗೆ ಬೇರೆ ಯಾರಾದ್ರೂ ಹೇಳ್ಬೇಕಾ?”

ಧಣಿಗಳು ಹೋಗಲಿ, ಆಮೇಲೆ ವಿಚಾರಿಸಿಕೊಳ್ಳೋಣ ಎಂದು ಅವಳು ಸುಮ್ಮನಿದ್ದಳಂತೆ. ನಾನು ಹೇಳಿಕೊಟ್ಟ ಹಾಗೆ ತಾರಸಿಯದೇ ಎಂದು ಸುಳ್ಳು ಕೂಡ ಹೇಳಿದ್ದಳು, ನನ್ನ ಮಾನ ಉಳಿಯಲಿ ಎಂದು. ಉಳಿದಿತ್ತು ಕೂಡ. ಅದನ್ನು ತಟ್ಟೆಯ ಸಮೇತ ಕಿತ್ತೆಸೆದವನು ನಾನೇ.

ಧಣಿಗಳು ನನ್ನ ಕೈಯಿಂದ ತಟ್ಟೆಯನ್ನು ಮೆತ್ತಗೆ ವಾಪಸು ತೆಗೆದುಕೊಂಡು ಊಟ ಮುಂದುವರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ತೊಳೆದು, ಹೆಂಡತಿಯ ಅಡುಗೆಯನ್ನು ಹೊಗಳಿ, ಅವಳ ಚಿಮಟವನ್ನು ಕೇಳಿ ತರಿಸಿಕೊಂಡು ನೋಡಿ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಒಂದೇ ಮಾತು ಹೇಳಿದರು.

“ನಮ್ಮ ಗೋದಾಮಿನವನು ಓದೋದು ನಿಧಾನ. ಆದ್ರೆ ಓದ್ತಾನೆ.”

ಬಾಗಿಲು ಹಾಕಿ ಬಂದೆ. ಈಗ ಹೆಂಡತಿ ಶುರುಮಾಡುತ್ತಾಳೆ ಎಂದು ತಲೆ ತಗ್ಗಿಸಿ ಕುಳಿತೆ. ಆದರೆ ಮಾತಾಡಿದವರು ಅತ್ತೆ. ಅಷ್ಟು ಹೊತ್ತೂ ತಲೆಯೆತ್ತದೆ ಉಣ್ಣುತ್ತಿದ್ದವರು, ಕೊನೆಯ ಹೋಳನ್ನು ತಟ್ಟೆಯಂಚಿಗೆ ಸರಿಸಿ, ಶಾಂತವಾಗಿ ಕೇಳಿದರು.

“ಅಳಿಯಂದಿರೇ, ತಪ್ಪು ತಿಳೀಬೇಡಿ. ಅವರ ತಟ್ಟೆ ಕಿತ್ಕೊಳ್ಳೋಕೆ ನೀವು ನನ್ನ ತಟ್ಟೆ ಮೇಲಿಂದಲೇ ಬಗ್ಗಿದ್ರಿ ಅಲ್ವಾ?”

ನಾನು ಮೇಜನ್ನು ನೋಡಿದೆ. ನನ್ನ ಕುರ್ಚಿ. ಅದರ ಪಕ್ಕ ಅತ್ತೆಯ ತಟ್ಟೆ. ಅದರಾಚೆ ಧಣಿಗಳ ತಟ್ಟೆ. ಹೆಂಡತಿಯೂ ಅದನ್ನೇ ನೋಡುತ್ತಿದ್ದಳು. ನನ್ನ ಅಂಗಿಯ ತೋಳಿನಲ್ಲಿ ಅತ್ತೆಯ ತಟ್ಟೆಯ ಎಣ್ಣೆ ಹತ್ತಿತ್ತು. ಆಣೆ ಮಾಡಿ ಹೇಳುತ್ತೇನೆ, ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಗಾಬರಿಯಲ್ಲಿ ಕೈ ಹೋದ ಕಡೆ ಹೋಯಿತು. ಕೈ ಅಲ್ಲಿಗೇ ಯಾಕೆ ಹೋಯಿತು ಎಂದು ಹೆಂಡತಿ ಕೇಳಿದಳು.

ಹೊಸ ಅಂಗಡಿಯಲ್ಲಿ ಗೋದಾಮಿನವನು ಕುಳಿತಿದ್ದಾನೆ. ನಾನು ಹಳೆಯ ಕೌಂಟರಿನಲ್ಲೇ ಬೋರ್ಡಿನ ಕೆಳಗೆ ನಿಂತಿದ್ದೇನೆ. ತಾರಸಿಯ ಚಿಮಟ ಈಗ ನನ್ನ ಕೈಗೆ ಬಂದಿದೆ, ಬೆಳಗಿನ ಹುಳುಗಳೆಲ್ಲ ನನ್ನ ಪಾಲಿಗೆ. ಇದೆಲ್ಲ ಸಹಿಸಬಹುದು. ಆದರೆ ಊಟದ ಹೊತ್ತಿಗೆ ಅತ್ತೆ ಬಂದು ನನ್ನೆದುರು ಕುಳಿತು, ಮೊದಲು ನನಗೆ ಬಡಿಸಲು ಹೇಳುತ್ತಾರೆ. ನಾನು ಎಲ್ಲದರಲ್ಲೂ ಒಂದೊಂದು ತುತ್ತು ತಿನ್ನಬೇಕು. ಆಮೇಲೆ ಅವರು ಕೈಕಟ್ಟಿಕೊಂಡು ನನ್ನ ಹಣೆಯನ್ನೇ ನೋಡುತ್ತ ಕೂರುತ್ತಾರೆ. ಬಿಸಿಯಾರುತ್ತದೆ, ಊಟ ಮಾಡಿ ಅತ್ತೆ ಎಂದರೆ ಕೇಳುವುದಿಲ್ಲ.

“ಇರಲಿ ಅಳಿಯಂದಿರೇ,” ಎನ್ನುತ್ತಾರೆ. “ಕಾಯುವ ಅವಧಿ.”