ಸಾರಥಿ ರತ್ನರು ಎಡಗಡೆ ಕೂತಿದ್ದರು ಎಂಬ ವಿಷಯವಾಗಿ

ಶ್ರೀ ಓಬಳೇಶ್ ಅವರಿಗೆ,
ಅಧ್ಯಕ್ಷರು, ದುರ್ಗದ ಹಳೇ ಕಾರು ಬಳಗ, ಚಿತ್ರದುರ್ಗ.

ಮಾನ್ಯರೇ,

ಯುಗಾದಿಯ ಬೇವು ಬೆಲ್ಲ ಇನ್ನೂ ನಾಲಿಗೆಯ ಮೇಲಿರುವಾಗಲೇ ತಮಗೆ, ತಮ್ಮ ಮನೆಯವರಿಗೆ, ತಮ್ಮ ನೀಲಿ ಜೀಪಿಗೆ, ಆ ಜೀಪಿನ ಮುಂದೆ ತಾವು ವರ್ಷವರ್ಷವೂ ಒಡೆಯುವ ತೆಂಗಿನಕಾಯಿಗೂ ಸೇರಿಸಿ, ಹೊಳಲ್ಕೆರೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ ಶಿವಗಂಗಮ್ಮ ಮಾಡುವ ನಮಸ್ಕಾರಗಳು. ಶ್ರೀರಾಂಪುರದ ಶಾಲೆಯಲ್ಲಿ ಮಕ್ಕಳಿಗೆ ದೂರಿನ ಪತ್ರ ಬರೆಯುವುದನ್ನು ಕಲಿಸಿದವಳು ನಾನು. ನಲ್ಲಿಯಲ್ಲಿ ನೀರಿಲ್ಲ, ಬೀದಿದೀಪ ಉರಿಯುತ್ತಿಲ್ಲ ಎಂದು ಇಲ್ಲದ ದೂರುಗಳನ್ನೆಲ್ಲ ಬರೆಸಿ ಬರೆಸಿ ಸಾಕಾಗಿದ್ದ ನನಗೆ, ಇರುವ ದೂರೊಂದನ್ನು ಬರೆಯುವ ಯೋಗ ಕೂಡಿಬಂದದ್ದು ತಮ್ಮ ಬಳಗದ ಕೃಪೆಯಿಂದ. ಇದನ್ನು ಬಹಿರಂಗವಾಗಿ ಏಕೆ ಬರೆಯುತ್ತಿದ್ದೇನೆಂದರೆ, ನಮ್ಮ ಮನೆಯ ಸಂಗತಿಯನ್ನು ತಾವು ಬಸ್ ನಿಲ್ದಾಣದ ಎದುರು ಆಳೆತ್ತರದ ಫ್ಲೆಕ್ಸಿನಲ್ಲಿ ಹಾಕಿಸಿದ ಮೇಲೆ ನಾನೊಬ್ಬಳು ಲಕೋಟೆಗೆ ಗೋಂದು ಹಚ್ಚಿ ಕೂರುವುದು ಮರ್ಯಾದೆಯಲ್ಲ.

ಮೊದಲಿಗೆ ಕಾರಿನ ವಿಷಯ. ಕೆನೆ ಬಣ್ಣದ ಆ ಅಂಬಾಸಡರ್ ನನ್ನ ತಂದೆ ಹನುಮಂತಪ್ಪನವರದು. ಅವರು ಅದನ್ನು ಮದುವೆಗಳಿಗೆ ಬಾಡಿಗೆಗೆ ಓಡಿಸುತ್ತಿದ್ದರು. ಮದುವೆ ಇಲ್ಲದ ಆಷಾಢದಲ್ಲಿ, ತಾಳ್ಯದ ಹತ್ತಿರ ನೀರಿಲ್ಲದ ಕೆರೆಯಂಗಳಕ್ಕೆ ನನ್ನನ್ನು ಕರೆದೊಯ್ದು ಸ್ಟೇರಿಂಗ್ ಹಿಡಿಸಿದರು. "ಗೇರು ಅಂದ್ರೆ ಹಸಿನ ಕೆಚ್ಚಲು ಇದ್ದಂಗೆ ಕಣವ್ವ, ಜಗ್ಗಬ್ಯಾಡ, ಅದು ಏನಂತೈತೆ ಕೇಳ್ಕಂಡು ಎಳಿ" ಎಂಬುದಷ್ಟೇ ಅವರ ಪಾಠ. ಹೆಣ್ಣುಮಗಳಿಗೆ ಇದೆಲ್ಲ ಯಾಕೆಂದು ಕೇಳಿದವರಿಗೆ ಅವರು ಉತ್ತರ ಕೊಡುತ್ತಿರಲಿಲ್ಲ, ಅವರನ್ನೂ ಹಿಂದಿನ ಸೀಟಿಗೆ ಹತ್ತಿಸಿಕೊಂಡು ಊರಿಗೆ ಬಿಡಿಸುತ್ತಿದ್ದರು, ನನ್ನ ಕೈಯಲ್ಲಿ. ಅವರು ತೀರಿಕೊಂಡಾಗ ಕಾರು ನನ್ನ ಪಾಲಿಗೆ ಬಂತು. ಅಂದಿನಿಂದ ಅದರ ಬಲಗಡೆಯ ಬಾಗಿಲನ್ನು ತೆಗೆದು ಕೂರುವವಳು ನಾನೇ. ನಮ್ಮ ಯಜಮಾನರಾದ ಮುರುಗೇಶ್ ಅವರು ಬಿತ್ತನೆ ಬೀಜದ ಅಂಗಡಿ ನಡೆಸುತ್ತಾರೆ, ಸೊಗಸಾಗಿ ಮಾತಾಡುತ್ತಾರೆ, ಪಂಚೆಯ ಗೆರೆ ಮುರಿಯದ ಹಾಗೆ ಎಡಗಡೆ ಕೂರುತ್ತಾರೆ, ಮತ್ತು ಸೈಕಲ್ಲಿನ ಆಚೆಗೆ ಯಾವ ವಾಹನವನ್ನೂ ಓಡಿಸಿದವರಲ್ಲ.

ಹೋದ ವರ್ಷದ ವಸಂತದಲ್ಲಿ ತಮ್ಮ ಬಳಗದ ಸಮಾವೇಶಕ್ಕೆ ನಾವು ಮೊದಲ ಸಲ ದುರ್ಗಕ್ಕೆ ಬಂದದ್ದು ತಮಗೆ ನೆನಪಿರಬೇಕು. ಮೈದಾನದ ಸುತ್ತ ಹೊಂಗೆಯ ಮರಗಳೆಲ್ಲ ಎಳೆ ಹಸಿರಾಗಿದ್ದವು, ಕಾರುಗಳೆಲ್ಲ ಎಣ್ಣೆನೀರು ಹಾಕಿಸಿಕೊಂಡ ಮದುಮಕ್ಕಳಂತೆ ಹೊಳೆಯುತ್ತಿದ್ದವು. ನಾನು ಕಾರು ನಿಲ್ಲಿಸಿ ಬ್ರೇಕು ಎಳೆಯುವಷ್ಟರಲ್ಲಿ ತಾವು ಹಾರ ಹಿಡಿದು ಎಡಗಡೆಯ ಬಾಗಿಲಿಗೆ ಓಡಿಬಂದಿರಿ. "ಬರ್ರಿ ಸಾರ್, ಬರ್ರಿ. ಎಂಥಾ ಚೆಂದಾಗಿ ಇಟ್ಕಂಡಿದೀರಿ ಗಾಡೀನ" ಎಂದು ನಮ್ಮ ಯಜಮಾನರ ಕೊರಳಿಗೆ ಹಾಕಿದಿರಿ. ಸ್ಟೇರಿಂಗ್ ಹಿಡಿದೇ ಕೂತಿದ್ದ ನನ್ನ ಕಡೆಗೂ ಬಾಗಿ ನೋಡಿ, "ಅಕ್ಕಾರೆ, ಹೆಣ್ಮಕ್ಕಳಿಗೆ ಆ ಕಡೆ ನೆಳ್ಳೈತೆ, ಹೋಗಿ ಕುಂತ್ಕಳ್ರಿ" ಎಂದಿರಿ. ಬಿಸಿಲಿನ ಆ ಹೊತ್ತಿನಲ್ಲಿ ನನಗಾಗಿ ನೆರಳು ಹುಡುಕಿಟ್ಟ ತಮ್ಮ ದೊಡ್ಡ ಮನಸ್ಸನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕೇ ಈ ಪತ್ರ.

ಕಾರು ನನ್ನದು ಎಂದು ನಾನು ಹೇಳದೆ ಇರಲಿಲ್ಲ. ಹೇಳಿದೆ. ತಾವು ಕೈ ಜೋಡಿಸಿ, "ಗಂಡ ಹೆಂಡ್ತಿ ಅಂದ್ಮ್ಯಾಲೆ ನಿಂದು ನಂದು ಏನೈತ್ರಿ ಅಕ್ಕಾರೆ, ಎಲ್ಲಾ ಒಂದೇ ಅಲ್ವಾ" ಎಂದು ಅನುಭಾವದ ಮಾತಾಡಿದಿರಿ. ಮಠದ ಪ್ರವಚನಗಳಲ್ಲಿ ಇಷ್ಟು ವರ್ಷ ಕೂತರೂ ದಕ್ಕದ ಆ ಅದ್ವೈತ ನನಗೆ ಕಾರಿನ ಬಾನೆಟ್ಟಿನ ಪಕ್ಕದಲ್ಲಿ ದಕ್ಕಿತು. ಹಾರ ಮಾತ್ರ ಆ ಅದ್ವೈತವನ್ನು ಒಪ್ಪದೆ ಒಂದೇ ಕೊರಳಿನಲ್ಲಿ ಉಳಿಯಿತು.

ಆಮೇಲೆ ಫೋಟೋಗಳು. ತಮ್ಮ ಬಳಗದ ಛಾಯಾಗ್ರಾಹಕ ಬೀರೇಶ್ ಅವರ ಕಲಾದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ನಾನು ಬಾಗಿಲ ಬಳಿ ನಿಂತರೆ, "ಮೇಡಂ, ಒಸಿ ಪಕ್ಕಕ್ಕೆ ಬರ್ರಿ, ನಿಮ್ಮ ನೆಳ್ಳು ಗಾಡಿ ಮ್ಯಾಲೆ ಬೀಳ್ತೈತೆ" ಎಂದರು. ಪಕ್ಕಕ್ಕೆ ಹೋದರೆ, "ಇನ್ನೊಂಚೂರು" ಎಂದರು. ಹಾಗೆ ಇನ್ನೊಂಚೂರು, ಇನ್ನೊಂಚೂರು ಎಂದು ಸರಿಯುತ್ತಾ ನಾನು ಕಬ್ಬಿನ ಹಾಲಿನ ಗಾಡಿಯವರೆಗೆ ತಲುಪಿದೆ. ಸುಸ್ತಾಗಿದ್ದರಿಂದ ಒಂದು ಲೋಟ ಕುಡಿದೆ. ಅಷ್ಟರಲ್ಲಿ ನಮ್ಮ ಯಜಮಾನರು ಬಾನೆಟ್ಟಿನ ಮೇಲೆ ಕೈಯೂರಿ, ಬಂಪರಿನ ಮೇಲೆ ಒಂದು ಕಾಲಿಟ್ಟು, ಬೇಟೆಯಾಡಿ ಬಂದ ಪಾಳೆಯಗಾರರಂತೆ ನಿಂತು ತೆಗೆಸಿಕೊಂಡಾಗಿತ್ತು. ಮನೆಗೆ ವಾಪಸ್ಸು ಬರುವಾಗ, ಕಾರು ಯಾರದೆಂದು ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನಾನು ಹೇಳಾಣ ಅಂತಾನೇ ಇದ್ದೆ ಗಂಗಾ, ಅಷ್ಟ್ರಾಗೆ ಫೋಟೋ ಹೊಡೆದ್ಬಿಟ್ರು" ಎಂದರು. ಆ ಫೋಟೋ ನೆಂಟರ ಮೊಬೈಲುಗಳಿಗೆಲ್ಲ ಹೋಯಿತು. ಮೆಚ್ಚುಗೆಗಳು ಬಂದವು. ಅವರು ಒಂದೊಂದಕ್ಕೂ ಕೈಮುಗಿದ ಚಿತ್ರ ಕಳಿಸಿ ಉತ್ತರಿಸಿದರು.

ಈ ವರ್ಷ ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಸಮಾವೇಶ. ಜಲಾಶಯದ ಕಡೆಯಿಂದ ತಣ್ಣಗೆ ಗಾಳಿ ಬರುತ್ತಿತ್ತು, ಊಟಕ್ಕೆ ಹೋಳಿಗೆ ಇತ್ತು, ಎಲ್ಲರೂ ಒಬ್ಬರ ಕಾರನ್ನು ಇನ್ನೊಬ್ಬರು ಸವರಿ ಕ್ಷೇಮ ವಿಚಾರಿಸುತ್ತಿದ್ದರು. ಅಂಥ ಸುಖದ ಗಳಿಗೆಯಲ್ಲಿ ತಾವು ಮೈಕ್ ಹಿಡಿದು ನಮ್ಮ ಯಜಮಾನರ ಹೆಸರು ಕೂಗಿ, ಮೈಸೂರು ಪೇಟ ತೊಡಿಸಿ, "ಸಾರಥಿ ರತ್ನ" ಎಂಬ ಬಿರುದು ಕೊಟ್ಟಿರಿ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರದ ಶ್ರಮ ನನಗೆ ತಪ್ಪುತ್ತಿತ್ತು. ತಾವು ಮುಂದುವರಿದು, "ಈಗ ಸಾರಥಿ ರತ್ನರ ಅಂಬಾಸಡರ್ ಮುಂದೆ ಹೋಗ್ತೈತೆ, ನಾವೆಲ್ಲಾ ಹಿಂದೆ ಏರು ಹತ್ತಾಣ. ಬೀರೇಶ್ ಮ್ಯಾಲಿಂದ ಡ್ರೋನ್ ಬಿಡ್ತಾನೆ. ಹತ್ರಿ ಸಾರ್" ಎಂದಿರಿ.

ನಮ್ಮ ಯಜಮಾನರು ನನ್ನ ಕಡೆ ನೋಡಿದರು. ನಾನು ನೀರಿನ ಕಡೆ ನೋಡಿದೆ. ಆಮೇಲೆ ಬ್ಯಾಗಿನಿಂದ ಕೀಲಿ ತೆಗೆದು ಅವರ ಕೈಗೆ ಕೊಟ್ಟೆ. ಮದುವೆಯಾದಾಗಿನಿಂದ ಮೊದಲ ಬಾರಿಗೆ ಅವರು ಬಲಗಡೆಯ ಬಾಗಿಲಿನಿಂದ ಹತ್ತಿದರು. ಹಿಂದೆ ಸಾಲುಗಟ್ಟಿದ್ದ ಕಾರುಗಳೆಲ್ಲ ಹಾರನ್ ಹೊಡೆಯುತ್ತಿದ್ದವು, ತಲೆಯ ಮೇಲೆ ಡ್ರೋನ್ ಜೇನುನೊಣದ ಹಾಗೆ ಗುಂಯ್ ಎನ್ನುತ್ತಿತ್ತು. ಅವರು ಕನ್ನಡಿಯಲ್ಲಿ ಪೇಟ ಸರಿಮಾಡಿಕೊಂಡರು. ಆಮೇಲೆ ಕೀಲಿ ಹಿಡಿದು ಅದರ ತೂತು ಹುಡುಕತೊಡಗಿದರು. ಕಿಟಕಿಯ ಹತ್ತಿರ ಹೋದೆ.

"ಗಂಗಾ, ಇದರಾಗೆ ಗೇರು ಎಲ್ಲೈತೆ?" ಎಂದು ತುಟಿ ಅಲುಗಿಸದೆ ಕೇಳಿದರು.

"ಸ್ಟೇರಿಂಗ್ ಪಕ್ಕದಾಗೇ ಐತಲ್ರಿ. ಇಷ್ಟು ವರ್ಷ ಅದರ ಮಗ್ಗುಲಾಗೇ ಕುಂತಿದ್ದೀರಿ."

ಮಾನ್ಯರೇ, ಇಡೀ ವರ್ಷ ನಾನು ಕಾದದ್ದು ಇದೇ ಗಳಿಗೆಗೆ ಇರಬಹುದು. ಆದರೆ ಆ ಮುಖ ನೋಡಿದ ಮೇಲೆ ನಗು ಬರಲಿಲ್ಲ. ಅಷ್ಟು ಜನರ ಮುಂದೆ ಅವರು ತಲೆ ತಗ್ಗಿಸುವುದು ನನಗೆ ಬೇಕಿರಲಿಲ್ಲ. "ಕಾಲು ಹಿಡ್ಕಂಡೈತೆ ಅಂತ ಹೇಳ್ರಿ, ಇಳೀರಿ. ಇವತ್ತೊಂದಿನ ನಾನು ಓಡಿಸ್ತೀನಿ ಅಂತೀನಿ" ಎಂದೆ.

ಅವರು ಕೀಲಿಯನ್ನು ನನ್ನ ಕೈಗೆ ವಾಪಸ್ಸು ಇಟ್ಟರು. "ಬ್ಯಾಡ. ಇವತ್ತೊಂದಿನ ಅಂದ್ರೆ ಅದೂ ಸುಳ್ಳಾಗ್ತೈತೆ" ಎಂದರು. ಕೆಳಗಿಳಿದು ನೆಟ್ಟಗೆ ತಾವಿದ್ದಲ್ಲಿಗೆ ಬಂದು ತಮ್ಮ ಕೈಯಿಂದ ಮೈಕನ್ನು ಈಸಿಕೊಂಡರು. ಅವರು ಆಡಿದ್ದು ತಮಗೂ ಕೇಳಿಸಿದೆ. ಆದರೂ ತಮ್ಮ ಬಳಗದ ಕಡತಗಳಿಗೆ ಅದು ಇನ್ನೂ ತಲುಪಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. "ನಂಗೆ ಡ್ರೈವಿಂಗ್ ಬರಲ್ರಿ. ಯಾವತ್ತೂ ಬರ್ತಿರ್ಲಿಲ್ಲ. ಕಾರು ಇವರ್ದು, ಓಡ್ಸೋರು ಇವರು. ನಾನು ಪಕ್ಕದಾಗೆ ಕುಂತ್ಕಂಡು ಕಳ್ಳೇಬೀಜ ತಿಂತೀನಿ, ಅಷ್ಟೆ."

ಬೀರೇಶ್ ಅವರು ಆಕಾಶದಲ್ಲಿದ್ದ ಡ್ರೋನಿನಿಂದ ಕಣ್ಣು ಕೀಳದೆಯೇ, "ಹಂಗಾದ್ರೆ ಹೋದ ವರ್ಷ ದುರ್ಗಕ್ಕೆ ಗಾಡಿ ತಂದೋರು ಯಾರ್ರಿ?" ಎಂದರು.

"ನೀನು ಪಕ್ಕಕ್ಕೆ ಸರ್ಸಿದ್ಯಲ್ಲಪ್ಪ, ಅವರು" ಎಂದರು ನಮ್ಮ ಯಜಮಾನರು. ಪೇಟ ತೆಗೆದು ನನ್ನ ತಲೆಗೆ ಇಡಲು ನೋಡಿದರು. ತುರುಬು ಅಡ್ಡ ಬಂತು. ಕೊನೆಗೆ ಸುತ್ತಿ ಹೋಗಿ, ಎಡಗಡೆಯ ಮಾಮೂಲಿ ಜಾಗದಲ್ಲಿ ಕೂತು, ಅದನ್ನು ತೊಡೆಯ ಮೇಲಿಟ್ಟುಕೊಂಡರು.

ನಾನು ಬಲಗಡೆ ಹತ್ತಿ ಕೂತಾಗ ತಾವು ನನ್ನ ಕಿಟಕಿಗೆ ಬಂದಿರಿ. ತಪ್ಪಾಯಿತು ಎನ್ನುವಿರೇನೋ ಎಂದುಕೊಂಡೆ. ತಾವು ಕೈ ಮುಗಿದು, "ಅಕ್ಕಾರೆ, ಏರು ಐತೆ, ಹುಷಾರು" ಎಂದಿರಿ. ಈ ಕಾಳಜಿಗೆ ನಾನು ಚಿರಋಣಿ. ಆ ಏರಿನಲ್ಲಿ ನನ್ನ ಹಿಂದೆ ಎರಡು ಸಲ ನಿಂತುಹೋದ ನೀಲಿ ಜೀಪು ಯಾರದೆಂದು ನಾನು ಈ ಪತ್ರದಲ್ಲಿ ಬರೆಯುವುದಿಲ್ಲ.

ಏರು ಹತ್ತಿ ತಿರುವು ಕಳೆದದ್ದೇ ಎದುರಿಗೆ ಅಷ್ಟೂ ನೀರು ಒಮ್ಮೆಗೇ ಕಂಡಿತು. "ನಿಮ್ಮಪ್ಪ ಇರ್ಬೇಕಿತ್ತು" ಎಂದರು ನಮ್ಮ ಯಜಮಾನರು. ನಾನು ಗೇರು ಬದಲಿಸಿದೆ. ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಆ ದಿನ ಅಲ್ಲಿಗೇ ಮುಗಿದಿದ್ದರೆ ನನಗೆ ಯಾರ ಮೇಲೂ ದೂರಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರು ತಮ್ಮ ಫ್ಲೆಕ್ಸ್ ಎದ್ದಿತು. ಬೀರೇಶ್ ಅವರ ಡ್ರೋನ್ ತೆಗೆದ ಚಿತ್ರ. ಬೆಟ್ಟ ಚೆನ್ನಾಗಿ ಬಂದಿದೆ, ನೀರು ಚೆನ್ನಾಗಿ ಬಂದಿದೆ, ಕಾರಿನ ಛಾವಣಿಯಂತೂ ಒಂದು ಕಲೆಯೂ ಇಲ್ಲದೆ ಬಂದಿದೆ. ಛಾವಣಿಯ ಕೆಳಗೆ ಯಾರಿದ್ದಾರೆಂದು ಮಾತ್ರ ಆಕಾಶಕ್ಕೆ ಕಾಣಿಸಿಲ್ಲ. ಕೆಳಗಿನ ಒಕ್ಕಣೆ ಹೀಗಿದೆ: "ಸಾರಥಿ ರತ್ನ ಮುರುಗೇಶ್ ಅವರು ಮಾರಿಕಣಿವೆಯ ಏರಿನಲ್ಲಿ ಕಾರು ಚಲಾಯಿಸುತ್ತಿರುವ ರೋಮಾಂಚಕ ದೃಶ್ಯ." ನಿಲ್ದಾಣದ ಬಳಿ ಹೂ ಮಾರುವ ರೇಣುಕಮ್ಮ ಅದನ್ನು ಯಾರಿಂದಲೋ ಓದಿಸಿಕೊಂಡು ನನ್ನನ್ನು ತಡೆದು, "ಮೇಡಮ್ಮಾರೆ, ನಿಮ್ಮೆಜಮಾನ್ರು ಯಾವಾಗ ಕಲ್ತರು? ಹೂ ತಗಳ್ಳಾಕೆ ಕಾರು ನಿಲ್ಸಿ ಇಳಿಯೋರು ನೀವಲ್ವಾ?" ಎಂದರು. ನಮ್ಮ ಯಜಮಾನರು ಈಗ ಅಂಗಡಿಗೆ ಹಿಂದಿನ ಬೀದಿಯಿಂದ ಸುತ್ತಿಕೊಂಡು ಹೋಗುತ್ತಾರೆ. ಮೈಕಿನಲ್ಲಿ ಹೇಳಿದರೂ ನಂಬದ ಜನಕ್ಕೆ ಇನ್ನು ಎಲ್ಲಿ ಹೇಳಲಿ ಎಂಬುದು ಅವರ ಚಿಂತೆ.

ಆದ್ದರಿಂದ ತಮ್ಮಲ್ಲಿ ನನ್ನ ನಮ್ರ ಕೋರಿಕೆ ಏನೆಂದರೆ, ಫ್ಲೆಕ್ಸನ್ನು ತೆಗೆಸಬೇಡಿ, ಅದರಲ್ಲಿರುವ ಕಾರಿನ ಛಾವಣಿಯನ್ನು ಮಾತ್ರ ಅವಲಕ್ಕಿ ಡಬ್ಬಿಯ ಮುಚ್ಚಳದಂತೆ ಎತ್ತಿ ಪಕ್ಕಕ್ಕಿಡಿಸಿ. ಒಳಗಿರುವವರು ತಾವಾಗಿಯೇ ಕಾಣುತ್ತಾರೆ. ಅದು ಆಗದಿದ್ದರೆ, ತಮ್ಮ ಡ್ರೋನಿಗೆ ಸ್ವಲ್ಪ ವಿನಯ ಕಲಿಸಿ, ಮನುಷ್ಯರ ಮುಖದ ಎತ್ತರಕ್ಕೆ ಹಾರುವಂತೆ ಪಳಗಿಸಿ. ಅದೂ ಕಷ್ಟವಾದರೆ ಮುಂದಿನ ವಸಂತದಲ್ಲಿ ಬಳಗದ ಗಂಡಸರೆಲ್ಲ ಒಂದು ದಿನ ನೆರಳಿನಲ್ಲಿ ಕೂತು ಹೋಳಿಗೆ ತಟ್ಟುತ್ತಾ, ಹೆಂಗಸರ ಕೈಯಲ್ಲಿ ತಮ್ಮ ಕಾರುಗಳು ಹಾದುಹೋಗುವಾಗ ಚಪ್ಪಾಳೆ ತಟ್ಟಲಿ. ಇವು ಮೂರೂ ಬಳಗದ ಶಕ್ತಿಗೆ ಮೀರಿದವೆಂದು ಕಾರ್ಯಕಾರಿ ಸಮಿತಿ ತೀರ್ಮಾನಿಸಿದರೆ ಕೊನೆಯ ಉಪಾಯ ಒಂದಿದೆ, ಒಂದು ಬಿಳಿ ಕಾಗದದ ಮೇಲೆ ನನ್ನ ಹೆಸರು ಬರೆದು ಅವರ ಹೆಸರಿನ ಮೇಲೆ ಅಂಟಿಸುವುದು. ಗೋಂದು ನನ್ನಲ್ಲಿ ಉಳಿದಿದೆ.

ಎಲ್ಲ ಏರುಗಳಲ್ಲೂ ತಮಗೆ ಶುಭವನ್ನೇ ಹಾರೈಸುವ,
ತಮ್ಮ ವಿಶ್ವಾಸಿ,
ಶಿವಗಂಗಮ್ಮ
ಹೊಳಲ್ಕೆರೆ

ತಾ.ಕ.: ಒಕ್ಕಣೆ ತಿದ್ದಿಸುವುದಕ್ಕಿಂತ ಅದನ್ನು ನಿಜ ಮಾಡುವುದೇ ಸುಲಭವೆಂದು ನಮ್ಮ ಯಜಮಾನರು ತೀರ್ಮಾನಿಸಿದ್ದಾರೆ. ಭಾನುವಾರದಿಂದ ಕಲಿಯುತ್ತಿದ್ದಾರೆ, ಎರಡನೇ ಗೇರಿನವರೆಗೆ ಬಂದಿದ್ದಾರೆ, ಕುರಿಮಂದೆಯವರು ಹಿಂದಿನಿಂದ ಬಂದು ದಾರಿ ಬಿಡಿ ಎಂದರೆ ಬೇಸರಿಸದೆ ಬಿಡುತ್ತಾರೆ. ಹಳೆಯ ಕಾರುಗಳ ಮೈಮೇಲೆ ಯಾವ ಹೊಸ ಚೀಟಿಯನ್ನೂ ಅಂಟಿಸಬಾರದೆಂಬುದು ಬಳಗದ ನಿಯಮವೆಂದು ಬಲ್ಲೆ. ಆದರೆ ಮುಂದಿನ ಸಮಾವೇಶಕ್ಕೆ ತಮ್ಮ ಸಾರಥಿ ರತ್ನರು ಕಾರಿನ ಮುಂದೆಯೂ ಹಿಂದೆಯೂ ಕೆಂಪು ಬಣ್ಣದ ದೊಡ್ಡ 'ಎಲ್' ಅಂಟಿಸಿಕೊಂಡು ಬರಲಿದ್ದಾರೆ. ಸರ್ಕಾರದ ನಿಯಮ, ನಾವೇನೂ ಮಾಡುವ ಹಾಗಿಲ್ಲ. ಬೀರೇಶ್ ಅವರು ಎಷ್ಟು ಮೇಲಿನಿಂದ ತೆಗೆದರೂ ಕಾಣಲೆಂದು ಛಾವಣಿಯ ಮೇಲೂ ಒಂದನ್ನು ಬರೆಸಿದ್ದೇನೆ.