ರಾಖಣದಾರನ ಪಾಲು

ಗೋವಾದ ಮಡಗಾಂವಿನ ಒಬ್ಬ ಕೇಟರಿಂಗಿನವನಿಗೆ ಬೆಳಗಾಗುವುದರೊಳಗೆ ಹೊಟ್ಟೆ ಕೆಟ್ಟಿತು. ಹಿಂದಿನ ದಿನ ಏನು ತಿಂದಿದ್ದನೋ ಅವನಿಗೇ ಗೊತ್ತು. ಆದರೆ ಅವನ ಹೊಟ್ಟೆಗೂ ಅಲ್ಲಿಂದ ಒಂದು ತಾಸಿನ ದಾರಿಯಾಚೆ ಕುಂಡಯಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಭರಮಪ್ಪನ ಸಂಸಾರಕ್ಕೂ ಗಂಟು ಹಾಕುವುದು ದೇವರಿಂದ ಮಾತ್ರ ಆಗುವ ಕೆಲಸ. ದೇವರು ಹಾಕಿದ. ಹೊಟ್ಟೆ ಕೆಟ್ಟವನು ಸಂಜೆ ಗಂಜಿ ಕುಡಿದು ಎದ್ದು ಕೂತನಂತೆ. ಭರಮಪ್ಪ ಇನ್ನೂ ಎದ್ದಿಲ್ಲ.

ಐದಾರು ವರ್ಷದ ಹಿಂದೆ ಈ ಭರಮಪ್ಪ ಕಾರ್ಖಾನೆಗಳ ಗೇಟಿನೆದುರಿನ ಬಾರಿನಲ್ಲಿ ಹಾಕಿಕೊಡುವ ಕೆಲಸದಲ್ಲಿದ್ದ. ಹದಿನೆಂಟು ವರ್ಷ ಒಂದೇ ಕೌಂಟರು. ಅಳತೆಯ ಬಟ್ಟಲನ್ನು ಅವನು ಮುಟ್ಟಿದ್ದೇ ಇಲ್ಲ. ಬಾಟಲಿ ಬಗ್ಗಿಸಿದರೆ ಅರವತ್ತು ಎಂ.ಎಲ್.ಗೆ ಕೈ ತಾನಾಗಿ ನಿಲ್ಲುತ್ತಿತ್ತು. ಗಿರಾಕಿಗಳು ಪಂದ್ಯ ಕಟ್ಟಿ ಅಳೆದು ನೋಡಿ ಸೋತು, ಸೋತ ದುಃಖಕ್ಕೆ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದರು. ಕಲೆ ಎಂದರೆ ಕಲೆಯೇ. ಆದರೆ ಆ ಕಲೆಯ ರಸಿಕರೆಲ್ಲ ಒಬ್ಬೊಬ್ಬರಾಗಿ ಸಾಯುತ್ತಿದ್ದರು.

ಅವರಲ್ಲಿ ಕೊನೆಯವನು ಮುತ್ತು, ಭರಮಪ್ಪನ ಹೆಂಡತಿ ಹುಲಿಗೆವ್ವನ ತಮ್ಮ, ಸೆಂಟ್ರಿಂಗ್ ಕೆಲಸದ ಹುಡುಗ. ಒಂದು ಶನಿವಾರ ಮಾವನ ಕೈಯಿಂದಲೇ ಹಾಕಿಸಿಕೊಂಡು ಕುಡಿದು, "ಸಾಕು ಮಾವಾ, ಹೋಗ್ತೀನಿ" ಎಂದು ಹೊರಗೆ ಹೋದವನು ಕಂಪೌಂಡ್ ಗೋಡೆಯ ಬುಡದಲ್ಲಿ ಮಲಗಿದ. ಮತ್ತೆ ಏಳಲಿಲ್ಲ. ಮೂರನೆಯ ದಿನದ ಕಾರ್ಯ ಮುಗಿದ ಮೇಲೆ ಹುಲಿಗೆವ್ವ ಟ್ರಂಕು ಎತ್ತಿಕೊಂಡಳು.

"ನನ್ನ ತಮ್ಮಗ ಹಾಕಿಕೊಟ್ಟ ಕೈಲೆ ನನಗ ತುತ್ತು ಬ್ಯಾಡ. ಬಾಟ್ಲಿ ಬಿಟ್ಟು ಬ್ಯಾರೆ ಕೆಲಸ ಹಿಡೀರಿ. ಅದು ಕಾಯಂ ಆದ ದಿನ ಹೇಳಿ ಕಳಸ್ರಿ, ಬರ್ತೀನಿ" ಎಂದು ಕೊಪ್ಪಳದ ಕಡೆಯ ತವರಿಗೆ ಹೋಗಿಬಿಟ್ಟಳು.

ಭರಮಪ್ಪ ದೇವಿ ಹುಲಿಗೆಮ್ಮನ ಮೇಲೆ ಆಣೆಯಿಟ್ಟು ಬಾಟಲಿ ಬಿಟ್ಟ. ಔಷಧಿ ಡಬ್ಬಿ ತಯಾರಿಸುವ ಒಂದು ಕಾರ್ಖಾನೆಯವರು ತಮ್ಮ ಹಿಂದಿನ ಬೋಳುಗುಡ್ಡದಲ್ಲಿ ನೂರಾ ಹನ್ನೆರಡು ಸಸಿ ನೆಟ್ಟು, ಫೋಟೋ ತೆಗೆಸಿಕೊಂಡು, ಅವುಗಳನ್ನು ಮರೆತಿದ್ದರು. ಅವನ್ನು ನೋಡಿಕೊಳ್ಳಲು ದಿನಗೂಲಿಯ ಮೇಲೆ ಒಬ್ಬ ಬೇಕಿತ್ತು. ಗುಡ್ಡವೋ ಬರೀ ಕೆಂಪು ಕಲ್ಲು. ಅಲ್ಲಿ ಹುಲ್ಲು ಕೂಡ ಹಿಂದೆ ಮುಂದೆ ನೋಡಿ ಹುಟ್ಟುತ್ತಿತ್ತು.

ಆದರೆ ಹದಿನೆಂಟು ವರ್ಷದ ಕೌಂಟರಿನ ವಿದ್ಯೆ ಹೋಗುತ್ತದೆಯೇ? ಯಾವ ಗಿರಾಕಿ ಸುಮ್ಮನೆ ಗೋಳಾಡುತ್ತಾನೆ, ಯಾವನು ಮುಖ ಗೆಲುವಾಗಿದ್ದರೂ ಒಳಗೆ ಬೀಳುವುದರಲ್ಲಿದ್ದಾನೆ, ಯಾರಿಗೆ ಸಾಕು ಅನ್ನಬೇಕು, ಎಲ್ಲ ಭರಮಪ್ಪನಿಗೆ ಕಣ್ಣಳತೆಯಲ್ಲೇ ತಿಳಿಯುತ್ತಿತ್ತು. ಕೊಡ ಹಿಡಿದು ನಿಂತು, "ನಿನಗ ಆತು, ಸುಮ್ನ ನಿಂದ್ರು" ಎಂದು ಹಲಸಿಗೆ ಗದರುತ್ತಿದ್ದ. "ನೀ ಯಾಕ ಸಪ್ಪಗದೀಯೋ, ತಗೋ" ಎಂದು ಹೊಂಗೆಗೆ ಎರಡು ತಂಬಿಗೆ ಹೆಚ್ಚು ಹಾಕುತ್ತಿದ್ದ. ಸತ್ತ ಗಿರಾಕಿಗಳ ಹೆಸರನ್ನು ಒಂದೊಂದು ಗಿಡಕ್ಕೆ ಇಟ್ಟಿದ್ದ. ವೆಲ್ಡರ್ ಅಪ್ಪಾಸಾಬ ನೇರಳೆಯಾಗಿದ್ದ. ನಟ್ಟನಡುವಿನ ಮತ್ತಿ ಗಿಡ ಮುತ್ತು. ಬದುಕಿದ್ದಾಗ ಅವರಿಗೆ ಹಾಕಿದ್ದು ಹಾಕಿದ್ದಾಯಿತು, ಇನ್ನು ಮೇಲಾದರೂ ನೀರು ಹಾಕೋಣ ಎಂಬ ಲೆಕ್ಕ ಅವನದು. ಐದು ಮಳೆಗಾಲದಲ್ಲಿ ಒಂದು ಗಿಡವೂ ಸಾಯಲಿಲ್ಲ. ಮತ್ತಿಯಂತೂ ಎರಡಾಳೆತ್ತರ ದಾಟಿ, ಕೆಳಗೆ ಹತ್ತು ಜನ ಕೂರುವಷ್ಟು ನೆರಳು ಚೆಲ್ಲಿತ್ತು.

ಕೇಟರಿಂಗಿನವನ ಹೊಟ್ಟೆ ಕೆಟ್ಟ ಆ ದಿನವೇ ಮುಂಬಯಿಯಿಂದ ದೊಡ್ಡ ಸಾಹೇಬರು ಹತ್ತು ಜನ ಅತಿಥಿಗಳೊಂದಿಗೆ ಗುಡ್ಡದ ತೋಪನ್ನು ಉದ್ಘಾಟಿಸಲು ಬರುವವರಿದ್ದರು. ಗಿಡ ಕಾಯುವವನನ್ನು ಕಾಯಂ ಮಾಡುವ ಕಾಗದವನ್ನು ಕಚೇರಿಯ ಮೃಣಾಲಿನಿ ಮೇಡಂ ಟೈಪು ಮಾಡಿಸಿ ಇಟ್ಟಿದ್ದರು. ಪಂಪ್ ಹೌಸಿನ ಹಿಂದೆ ಇರಲು ಒಂದು ಖೋಲಿ ಕೊಡುವ ಮಾತೂ ಆ ಕಾಗದದಲ್ಲಿತ್ತು. ಸಾಹೇಬರ ಸಹಿಯೊಂದೇ ಬಾಕಿ. ಹುಲಿಗೆವ್ವನಿಗೆ ಹೇಳಿಕಳಿಸಿಯಾಗಿತ್ತು. ಅವಳು ಅಂದು ಮಧ್ಯಾಹ್ನ ಮಡಗಾಂವಿಗೆ ರೈಲಿನಲ್ಲಿ ಬಂದು ಇಳಿಯುವವಳಿದ್ದಳು.

ಬೆಳಿಗ್ಗೆಯಿಂದ ಭರಮಪ್ಪನಿಗೆ ಉಪದೇಶದ ಸುರಿಮಳೆ. ಕ್ಯಾಂಟೀನಿನ ಮೌಲಾಸಾಬ ತನ್ನ ಇಸ್ತ್ರಿ ಪ್ಯಾಂಟು ಕೊಟ್ಟ. ಅದು ಭರಮಪ್ಪನ ಕಣಕಾಲಿನಿಂದ ನಾಲ್ಕು ಬೆರಳು ಮೇಲೆಯೇ ಮುಗಿಯಿತು.

"ಸಾಹೇಬ್ರು ಏನ್ ಕೇಳಿದ್ರೂ ಹೌದ್ರಿ ಅಂದುಬಿಡು" ಎಂದ ಮೌಲಾಸಾಬ. "ಇಲ್ಲ ಅಂದಾಂವ ಯಾವಾಂವೂ ಈ ಕಂಪನ್ಯಾಗ ಕಾಯಂ ಆಗಿಲ್ಲ."

ಕಂಪನಿ ಬಸ್ಸಿನ ಡ್ರೈವರ್ ಬಾಳು ಗೋವಾದವನೇ. ಇಪ್ಪತ್ತು ವರ್ಷ ನಮ್ಮ ಕಡೆಯವರನ್ನು ಶಿಫ್ಟಿಗೆ ಹೊತ್ತು ಹೊತ್ತು ಅವನ ಬಾಯಲ್ಲಿ ಕೊಂಕಣಿಗಿಂತ ಕನ್ನಡವೇ ಹೆಚ್ಚಾಗಿತ್ತು. ಅವನು ಬೇರೆಯೇ ರಾಗ ತೆಗೆದ. "ಎಲ್ಲಾ ಖರೇ. ರಾಖಣದಾರಗ ಕೊಟ್ಟೀ ಏನ? ಈ ಗುಡ್ಡ ಕಾಯೋ ದೇವ್ರು ಅಂವ. ಸೋರೊ, ರೊಟ್ಟಿ, ಬೀಡಿ, ಮೂರೂ ಇಡಬೇಕು. ಈ ಜಾಗಾ ನೋಡಿಕೊಳ್ಳಾಂವನ ಕೈಲೇನ ಇಡಬೇಕು. ಕೊಡದ ಶುಭಕಾರ್ಯ ಮಾಡಿದ್ರ ನಿನ್ನ ಕೆಲಸ ಕೆಡ್ತದ ನೋಡು."

"ಸೋರೊ ಅಂದ್ರ ದಾರೂ ಅಲ್ಲೇನು? ನಾ ಬಾಟ್ಲಿ ಮುಟ್ಟಂಗಿಲ್ಲಪಾ. ನೀನ ಹಾಕು."

"ನಾ ಬಸ್ ನೋಡಿಕೊಳ್ಳಾಂವ. ನನ್ನ ಕೈಲೆ ಅಂವ ತಗೋಳಂಗಿಲ್ಲ" ಎಂದು ಬಾಳು ಕೇಟರಿಂಗಿನವನನ್ನೂ ಹುಲಿಗೆವ್ವನನ್ನೂ ಕರೆತರಲು ಮಡಗಾಂವಿಗೆ ಬಸ್ಸು ಬಿಟ್ಟ.

ಎರಡು ಗಂಟೆಗೆ ಬಸ್ಸು ತಿರುಗಿ ಬಂತು. ಮೊದಲು ಹುಲಿಗೆವ್ವ ಇಳಿದಳು, ಕಂಕುಳಲ್ಲಿ ರೊಟ್ಟಿಗಂಟು. ಹಿಂದೆ ಡಬ್ಬಿಗಳು ಇಳಿದವು, ಬಾಟಲಿಗಳ ಪೆಟ್ಟಿಗೆ ಇಳಿಯಿತು, ಮಂಜುಗಡ್ಡೆಯೂ ಇಳಿಯಿತು. ಹಾಕಿಕೊಡುವವನು ಮಾತ್ರ ಇಳಿಯಲಿಲ್ಲ.

"ಅಂವಗ ಹೊಟ್ಟಿ ಕೆಟ್ಟೈತ್ರಿ ಮೇಡಂ. ಹಾಸಿಗಿ ಬಿಟ್ಟು ಎದ್ದಿಲ್ಲ. ಎದ್ರೂ ಎಲ್ಲಿಗೆ ಹೋಗ್ತಾನ ಅಂತ ಹೇಳಾಕ ಆಗಂಗಿಲ್ಲ" ಎಂದ ಬಾಳು.

ಮೃಣಾಲಿನಿ ಮೇಡಂ ಧಾರವಾಡದವರು. ದಿಗಿಲಾದಾಗ ಕಚೇರಿಯ ಇಂಗ್ಲಿಷು ಮಾಯವಾಗಿ ಮನೆಯ ಮಾತು ಬರುತ್ತಿತ್ತು. "ಅಯ್ಯ ನಮ್ಮಪ್ಪಾ! ಹನ್ನೊಂದು ಮಂದಿಗೆ ನಾ ಹಾಕಿಕೊಡ್ಲೇನು ಈಗ?"

"ಯಾಕ್ರಿ? ನಮ್ಮ ಭರಮಪ್ಪ ಇಲ್ಲೇನು? ಹದಿನೆಂಟು ವರ್ಷ ಅದನ್ನ ಮಾಡ್ಯಾನ" ಎಂದುಬಿಟ್ಟ ಬಾಳು. ಅವನ ಬಾಯಿಗೆ ಬ್ರೇಕು ಕಂಪನಿಯವರು ಕೊಟ್ಟಿರಲಿಲ್ಲ.

ಮೇಡಂ ತಿರುಗಿ ನೋಡಿದರು. ಭರಮಪ್ಪ ಹೆಂಡತಿಯನ್ನು ನೋಡಿದ. ಐದು ವರ್ಷದ ಮೇಲೆ ಕಾಣುತ್ತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಆಣಿ ಐತ್ರಿ ಮೇಡಂ. ಕಾಯಂ ಆಗದಿದ್ರೂ ಅಡ್ಡಿಯಿಲ್ಲ, ನಾ ಮುಟ್ಟಂಗಿಲ್ಲ" ಎಂದ.

ಜನ್ಮದಲ್ಲಿ ಅವನು ಆಡಿದ ದೊಡ್ಡ ಮಾತು ಅದೇ. ಹುಲಿಗೆವ್ವ ರೊಟ್ಟಿಗಂಟನ್ನು ಅವನ ಕೈಗೆ ಕೊಟ್ಟಳು. ಅವನು ಅವಳನ್ನು ಮತ್ತಿಯ ಕೆಳಗೆ ಕೂರಿಸಿ, "ಇಂವ ಮುತ್ತು ನೋಡು" ಎಂದ. ಅವಳು ಕಾಂಡಕ್ಕೆ ಅಂಗೈ ಹಚ್ಚಿ ಕೂತಳು. ಬಹಳ ಹೊತ್ತು ತೆಗೆಯಲೇ ಇಲ್ಲ. "ಚಲೋ ಬೆಳಸೀರಿ" ಎಂದಳು ಕೊನೆಗೆ. ಭರಮಪ್ಪನಿಗೆ ಅಷ್ಟು ಸಾಕಾಗಿತ್ತು. ಕತೆ ಅಲ್ಲಿಗೇ ಮುಗಿದಿದ್ದರೆ ನಮಗೂ ಸಾಕಾಗುತ್ತಿತ್ತು.

ನಾಲ್ಕು ಗಂಟೆಗೆ ಸಾಹೇಬರು ಬಂದರು. ಫೆಬ್ರುವರಿಯ ಬಿಸಿಲಿಗೆ ಗುಡ್ಡ ಹತ್ತಿ ಎಲ್ಲರ ಮುಖವೂ ಬೆಂದ ಬೀಟ್‌ರೂಟಿನಂತಾಗಿತ್ತು. ರಿಬ್ಬನಿಗೆ ಕತ್ತರಿ ಹಚ್ಚಬೇಕು ಎನ್ನುವಾಗ ಬಾಳು ಅಡ್ಡ ನಿಂತ. "ಸಾಬ್, ಪಹಿಲೇ ರಾಖಣದಾರ!" ಸಾಹೇಬರಿಗೆ ಊರಿನ ಪದ್ಧತಿ ಎಂದರೆ ಬಲು ಪ್ರೀತಿ, ಫೋಟೋ ಚೆನ್ನಾಗಿ ಬರುತ್ತದೆ. ಆಗಲಿ ಎಂದರು. ಬಾಳು ಒಂದು ಕಲ್ಲಿನ ಮುಂದೆ ತೆಂಗಿನ ಚಿಪ್ಪು ಇಟ್ಟ, ಬೀಡಿ ಇಟ್ಟ. ರೊಟ್ಟಿ ಮರೆತಿದ್ದ. ಹುಲಿಗೆವ್ವ ತಾನು ತಂದ ಗಂಟಿನಿಂದ ಎರಡು ಖಡಕ್ ರೊಟ್ಟಿ ತೆಗೆದು ಕೊಟ್ಟಳು. ಬಾಳು ಫೆನಿಯ ಬಾಟಲಿಯನ್ನು ಭರಮಪ್ಪನ ಮುಂದೆ ಹಿಡಿದ.

ಭರಮಪ್ಪ ಮಿಸುಕಲಿಲ್ಲ. ಹುಲಿಗೆವ್ವ ಸಣ್ಣ ದನಿಯಲ್ಲಿ ಹೇಳಿದಳು: "ಹಾಕ್ರಿ. ದೇವ್ರಿಗಲ್ಲೇನು? ದೇವ್ರು ಕುಡದು ಗ್ವಾಡಿ ಬುಡಕ ಮಲಗಂಗಿಲ್ಲ."

ಭರಮಪ್ಪ ಬಾಟಲಿ ಹಿಡಿದ. ಅಷ್ಟೇ. ಮುಂದಿನದನ್ನು ಅವನು ಮಾಡಲಿಲ್ಲ, ಕೈ ಮಾಡಿತು. ಮುಚ್ಚಳ ಹೆಬ್ಬೆರಳಿನಲ್ಲೇ ಬಿಚ್ಚಿತು. ಫೆನಿ ದಾರದಂತೆ ಇಳಿದು, ಚಿಪ್ಪಿನೊಳಗೆ ನಿಲ್ಲಬೇಕಾದಲ್ಲಿ ನಿಂತಿತು. ಮಣಿಕಟ್ಟು ಒಂದು ಸುತ್ತು ತಿರುಗಿತು. ಕೊನೆಯ ಹನಿ ಕೆಳಗೆ ಬೀಳದೆ ಬಾಟಲಿಗೇ ಮರಳಿತು. ಹೆಗಲ ಟವೆಲ್ಲು ಬಾಟಲಿಯ ಕೊರಳು ಒರೆಸಿತು. ಬೇರೆಯವರು ದೇವರಿಗೆ ಸುರಿಯುತ್ತಾರೆ, ಭರಮಪ್ಪ ದೇವರಿಗೆ ಸರಿಯಾಗಿ ಅರವತ್ತು ಹಾಕಿದ್ದ.

ಸಾಹೇಬರು ಕತ್ತರಿ ಕೆಳಗಿಟ್ಟರು. "ಅರೆ ವಾಹ್! ಕಹಾಂ ಸೀಖಾ?"

ಎಲ್ಲಿ ಕಲಿತೆ ಎಂಬುದಕ್ಕೆ ಬಾಳು ಇರುವಾಗ ಭರಮಪ್ಪ ಉತ್ತರ ಕೊಡುವ ಪ್ರಶ್ನೆಯೇ ಇಲ್ಲ. ಕೌಂಟರು, ಹದಿನೆಂಟು ವರ್ಷ, ಪಂದ್ಯ, ಎಲ್ಲ ಹೊರಬಿತ್ತು. ಸಾಹೇಬರು ನಗುತ್ತ ಒಂದು ಗ್ಲಾಸು ಮುಂದೆ ಮಾಡಿದರು. ಅವರ ಇನ್ನೊಂದು ಕೈಯಲ್ಲಿ ಮೃಣಾಲಿನಿ ಮೇಡಂ ಆಗತಾನೆ ಕೊಟ್ಟ ಕಾಗದವಿತ್ತು. ಸಹಿ ಇನ್ನೂ ಬಿದ್ದಿರಲಿಲ್ಲ. ಮೌಲಾಸಾಬ ಹಿಂದಿನಿಂದ ಪಿಸುಗುಟ್ಟಿದ: "ಹೌದ್ರಿ ಅನ್ನು, ಹೌದ್ರಿ ಅನ್ನು."

"ಹೌದ್ರಿ" ಎಂದ ಭರಮಪ್ಪ.

ಒಂದು ಹಾಕಿದ. ಪಕ್ಕದವರು ಗ್ಲಾಸು ಚಾಚಿದರು. ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಇಲ್ಲ ಎನ್ನುವುದು ಯಾವ ಕೌಂಟರಿನ ಧರ್ಮ? ಹನ್ನೊಂದು ಜನಕ್ಕೂ ಹಾಕಿದ. ಎರಡನೇ ಸುತ್ತೂ ಹಾಕಿದ. ಹುಲಿಗೆವ್ವ ಮತ್ತಿಗೆ ಬೆನ್ನು ಕೊಟ್ಟು ನೋಡುತ್ತಲೇ ಇದ್ದಳು. ಅವನು ಹತ್ತಿರ ಹಾದುಹೋದಾಗ, "ಇವತ್ತೊಂದs ದಿನ, ಕಾಗದಕ್ಕ" ಎಂದ. ಅವಳು ತಲೆಯಾಡಿಸಿದಳು. ಹೌದು ಎಂದೋ ಅಲ್ಲ ಎಂದೋ ಅವನಿಗೆ ತಿಳಿಯಲಿಲ್ಲ.

ನೆರಳು, ತಂಗಾಳಿ, ಹೊಟ್ಟೆಯಲ್ಲಿ ಎರಡು ಗ್ಲಾಸು. ಸಾಹೇಬರಿಗೆ ಲೋಕವೇ ಸುಂದರವಾಗಿ ಕಂಡಿತು. ಜೇಬಿನಿಂದ ಪೆನ್ನು ತೆಗೆದರು. ಕಾಗದದಲ್ಲಿ ಒಂದು ಸಾಲು ಹೊಡೆದು ಹಾಕಿ, ಮೇಲೆ ಏನೋ ಬರೆದು, ದೊಡ್ಡದಾಗಿ ಸಹಿ ಮಾಡಿ, ಮೇಡಂಗೆ ನಾಲ್ಕು ಮಾತು ಹೇಳಿ ಭರಮಪ್ಪನ ಬೆನ್ನು ತಟ್ಟಿದರು. ಎಲ್ಲರೂ ಚಪ್ಪಾಳೆ ಹೊಡೆದರು. ಮೌಲಾಸಾಬನಂತೂ ತನ್ನ ಪ್ಯಾಂಟಿಗೇ ನೌಕರಿ ಸಿಕ್ಕಂತೆ ಕುಣಿದ.

ಭರಮಪ್ಪ ಕಾಗದ ತಂದು ಹುಲಿಗೆವ್ವನ ಮಡಿಲಿಗೆ ಹಾಕಿದ. ಅವಳು ಅದನ್ನು ಮೇಡಂ ಕಡೆ ಚಾಚಿದಳು. "ಓದಿ ಹೇಳ್ರಿ ಯವ್ವಾ."

"ಕಾಯಂ ಆಗೇದ. ಪಗಾರ ಮೊದಲಿಗಿಂತ ಎರಡು ಪಟ್ಟು. ಖೋಲಿನೂ ಅದ" ಎಂದು ಮೇಡಂ ನಿಲ್ಲಿಸಿದರು.

"ಕೆಲಸ ಏನಂತ ಬರದೈತ್ರಿ?"

ಮೇಡಂ ಕಾಗದದಿಂದ ತಲೆ ಎತ್ತಲಿಲ್ಲ. "ಸಾಹೇಬ್ರಿಗೆ ಈ ನೆರಳು ಭಾಳ ಮನಸಿಗೆ ಬಂದದಂತ. ಅತಿಥಿಗಳಿಗೆ ಇಲ್ಲೇ ಗಿಡದ ಕೆಳಗ ಒಂದು ಬಾರ್ ಮಾಡ್ತಾರಂತ. ಅದನ್ನ ಭರಮಪ್ಪ ನೋಡಿಕೊಳ್ಳಬೇಕಂತ."

ಭರಮಪ್ಪ ಸುತ್ತಲಿನ ಗಿಡಗಳ ಕಡೆ ಕೈ ಮಾಡಿದ. "ಮತ್ತ ಗಿಡಾ ಯಾರು ನೋಡತಾರ್ರಿ?"

"ಅವಕ್ಕಿನ್ನ ಯಾರೂ ಬೇಕಾಗಿಲ್ಲಂತ. ನೀವು ಅಷ್ಟು ಚಲೋ ಬೆಳಸೀರಂತ." ಮೇಡಂ ದನಿ ಇನ್ನೂ ಕೆಳಗಿಳಿಯಿತು. "ಕೌಂಟರಿಗೆ ಜಾಗಾ ನಡುವನ ಬೇಕಂತ. ಈ ಮತ್ತಿ ಗಿಡ ಒಂದು ತೆಗೀಬೇಕಾಗ್ತದ. ಇದರದ ಕಂಬ ಮಾಡಿದ್ರ ಕೌಂಟರಿಗೆ ಛಂದ ಒಪ್ಪತದ ಅಂದ್ರು."

ಹುಲಿಗೆವ್ವ ಎದ್ದು ಸೀರೆಯ ಧೂಳು ಕೊಡವಿಕೊಂಡು ಕಲ್ಲಿನ ಹತ್ತಿರ ಹೋದಳು. ರಾಖಣದಾರನ ಚಿಪ್ಪು ತುಂಬಿದಂತೆಯೇ ಇತ್ತು. ಭರಮಪ್ಪನ ಹದಿನೆಂಟು ವರ್ಷದ ಸೇವೆಯಲ್ಲಿ ಹಾಕಿದ್ದನ್ನು ಕುಡಿಯದೆ ಬಿಟ್ಟ ಗಿರಾಕಿ ಅವನೊಬ್ಬನೇ. ಅವಳು ಆ ಚಿಪ್ಪನ್ನು ಎರಡೂ ಕೈಯಲ್ಲಿ ಎತ್ತಿ ತಂದು ಗಂಡನ ಮುಂದೆ ಹಿಡಿದಳು.

"ಹಾಕ್ರಿ."

"ಏನs?"

"ಮುತ್ತೂಗ. ಆವಾಗ ಕಡೀ ಗ್ಲಾಸು ನೀವs ಹಾಕಿದ್ರಿ. ಈಗೂ ನೀವs ಹಾಕಿ ಕಳಸ್ರಿ."

ಭರಮಪ್ಪ ಚಿಪ್ಪು ತೆಗೆದುಕೊಂಡು ಮತ್ತಿಯ ಬುಡಕ್ಕೆ ಹಾಕಿದ. ಕೈ ನಡುಗಲಿಲ್ಲ, ಒಂದು ಹನಿಯೂ ಪಾತಿಯ ಹೊರಗೆ ಬೀಳಲಿಲ್ಲ. ಆ ಕೈ ಕಡಿದು ಒಗೆಯಬೇಕು ಅನ್ನಿಸಿತು ಅವನಿಗೆ. ಆದರೆ ಆಗತಾನೆ ಕಾಯಂ ಆದದ್ದೂ ಆ ಕೈಯೇ.

"ಬಾಳಣ್ಣಾ, ಮಡಗಾಂವ್‌ಕ ಬಸ್ ಯಾವಾಗೈತಿ?" ಎಂದಳು ಹುಲಿಗೆವ್ವ.

ಬಾಳುವಿನ ಬಾಯಿ ಅಂದು ಮೊದಲ ಸಲ ಕಟ್ಟಿತು. ಬಸ್ಸಿನ ಕಡೆ ಕೈ ತೋರಿಸಿದ. ಅವಳು ಉಳಿದ ರೊಟ್ಟಿಯ ಗಂಟನ್ನು ಗಿಡದ ಬುಡದಲ್ಲಿಟ್ಟು, "ಉಣ್ರಿ" ಎಂದು ಇಳಿಜಾರು ಹಿಡಿದಳು. ಟ್ರಂಕು ಬಸ್ಸಿನಲ್ಲೇ ಇತ್ತು. ಇಳಿಸಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

ಭರಮಪ್ಪ ಎರಡು ಹೆಜ್ಜೆ ಅವಳ ಹಿಂದೆ ಹೋದ. ನೆರಳಿನಿಂದ ಸಾಹೇಬರು ಗ್ಲಾಸು ಎತ್ತಿ ಕೂಗಿದರು: "ಭರಮಪ್ಪಾ, ಏಕ್ ಔರ್!"

ಭರಮಪ್ಪ ನಿಂತ. ಹೆಗಲ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ, ಅದರಿಂದಲೇ ಬಾಟಲಿಯ ಕೊರಳನ್ನೂ ಒರೆಸಿದ. ತಿರುಗಿ ಬಂದು ಸರಿಯಾಗಿ ಅರವತ್ತು ಹಾಕಿದ.